ಕಾಲು ಮುಂದಾಗಿ ಬಂದವರು

ಬಸುರಿಗೆ ಎಂಟು ತಿಂಗಳು ತುಂಬಿತೆಂದರೆ ನಮ್ಮ ಮನೆಗಳ ಹಿರಿಯ ಹೆಂಗಸರ ಬಾಯಲ್ಲಿ ಒಂದು ಪ್ರಶ್ನೆ ಹುಟ್ಟಿಕೊಳ್ಳುತ್ತದೆ. “ಕೂಸು ತಿರುಗಿತೆ?” ಎಂಬುದೇ ಆ ಪ್ರಶ್ನೆ. ಒಡಲೊಳಗಿನ ಕೂಸು ತಲೆಯನ್ನು ಕೆಳಗೆ ಮಾಡಿಕೊಂಡು ಹೊರಡಲು ಅಣಿಯಾಯಿತೆ ಎಂದು ಅದರ ಅರ್ಥ. ೨೮ನೆಯ ವಾರದ ಹೊತ್ತಿಗೆ ನಾಲ್ಕೈದು ಕೂಸುಗಳಲ್ಲಿ ಒಂದು ತಲೆ ಮೇಲಾಗಿಯೇ ಇರುತ್ತದೆ. ದಿನ ತುಂಬುವಷ್ಟರಲ್ಲಿ ಬಹುಪಾಲು ಕೂಸುಗಳು ತಾವಾಗಿಯೇ ತಿರುಗಿಬಿಡುತ್ತವೆ. ನೂರಕ್ಕೆ ಮೂರೋ ನಾಲ್ಕೋ ಮಾತ್ರ ತಿರುಗದೆ ಉಳಿಯುತ್ತವೆ. ಕೆಲವು ಕಾಲುಗಳನ್ನು ನೇರವಾಗಿ ಮುಖದ ಕಡೆಗೆ ಚಾಚಿಕೊಂಡಿರುತ್ತವೆ, ಕೆಲವು ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತವೆ, ಕೆಲವು ಒಂದು ಪಾದವನ್ನು ಬಾಗಿಲ ಕಡೆಗೆ ಇಳಿಬಿಟ್ಟಿರುತ್ತವೆ. ಡಾಕ್ಟರುಗಳು ಇವೆಲ್ಲವನ್ನೂ ಸೇರಿಸಿ ‘ಬ್ರೀಚ್’ ಎನ್ನುತ್ತಾರೆ.

ಇದರಲ್ಲಿ ಅಪಾಯವೇನು ಎಂದು ಕೇಳಬಹುದು. ಮಗುವಿನ ದೇಹದಲ್ಲಿ ತಲೆಯೇ ದೊಡ್ಡದು. ಅದು ಮೊದಲು ಬಂದರೆ ಉಳಿದ ದೇಹಕ್ಕೆ ದಾರಿ ಸುಗಮ. ಕೊನೆಗೆ ಬಂದರೆ, ದೇಹವೆಲ್ಲ ಹೊರಗೆ ಬಂದ ಮೇಲೂ ತಲೆ ಒಳಗೇ ಸಿಕ್ಕಿಕೊಳ್ಳಬಹುದು. ಹೊಕ್ಕುಳಬಳ್ಳಿ ಒತ್ತಿಹೋಗಿ ಉಸಿರಿಗೆ ಕೊರತೆಯಾಗಬಹುದು. ಆಗ ಹೆರಿಗೆ ಮಾಡಿಸುವವರ ಕೈಯಲ್ಲಿರುವುದು ಕೆಲವೇ ನಿಮಿಷ. ಸಾವಿರಾರು ವರ್ಷಗಳಿಂದ ಸೂಲಗಿತ್ತಿಯರೂ ವೈದ್ಯರೂ ಹೋರಾಡಿದ್ದು ಈ ಕೆಲವು ನಿಮಿಷಗಳೊಡನೆ.

ಹೀಗೆ ಹುಟ್ಟಿ ಬದುಕಿದವರ ಬಗ್ಗೆ ಜನಕ್ಕೆ ಒಂದು ಬೆರಗು ಇದ್ದೇ ಇದೆ. ನಮ್ಮ ಹಳ್ಳಿಗಳಲ್ಲಿ ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗುವುದುಂಟು. ಅವರು ಬೆನ್ನಿನ ಮೇಲೆ ಕಾಲಾಡಿಸಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ. ರೋಮನರ ಎಣಿಕೆ ಇದಕ್ಕೆ ತಿರುಗಾಮುರುಗ. ಕ್ರಿಸ್ತಶಕ ಮೊದಲನೆಯ ಶತಮಾನದ ಪ್ಲಿನಿ ಎಂಬ ಪಂಡಿತ, ಕಾಲು ಮುಂದಾಗಿ ಹುಟ್ಟುವುದು ಪ್ರಕೃತಿಗೆ ವಿರುದ್ಧವೆಂದೂ, ಹಾಗೆ ಕಷ್ಟದಲ್ಲಿ ಹುಟ್ಟಿದವರಿಗೇ ‘ಅಗ್ರಿಪ್ಪ’ ಎಂಬ ಹೆಸರು ಬಂತೆಂದೂ ಬರೆದಿಟ್ಟಿದ್ದಾನೆ. ನೀರೋ ಚಕ್ರವರ್ತಿಯೂ ಹಾಗೆ ಹುಟ್ಟಿದವನೆಂದು ಅವನು ಹೇಳುತ್ತಾನೆ. ಒಂದೇ ಸಂಗತಿ, ಅಲ್ಲಿ ಅಪಶಕುನ, ಇಲ್ಲಿ ಔಷಧ. ಆದರೆ ಎರಡು ಕಡೆಯಲ್ಲೂ ಮಾತೆಲ್ಲ ಹುಟ್ಟಿದ ಮಗುವಿನದೇ. ಹೆತ್ತವಳ ಸುದ್ದಿ ಇಲ್ಲ.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಮಾತಿನ ಬೆನ್ನು ಹತ್ತಿ ಹೋಗುವುದು ನನ್ನ ಕಸುಬು. ಆ ಕಸುಬಿನ ಚಾಳಿಯಿಂದಲೇ ಸುಶ್ರುತ ಸಂಹಿತೆಯ ‘ಮೂಢಗರ್ಭ’ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮೂಢ ಎಂದರೆ ಇಲ್ಲಿ ದಡ್ಡನೆಂದಲ್ಲ. ದಿಕ್ಕು ತಪ್ಪಿದ್ದು, ದಾರಿ ಕಾಣದೆ ನಿಂತದ್ದು ಎಂದರ್ಥ. ಹೀಗೆ ದಾರಿ ತಪ್ಪಿದ ಗರ್ಭ ಬರಬಹುದಾದ ಎಂಟು ಬಗೆಗಳನ್ನು ಆ ಗ್ರಂಥ ವಿವರಿಸುತ್ತದೆ. ಪೃಷ್ಠ ಮುಂದಾಗಿ ಬಂದ ಕೂಸನ್ನು ಮೇಲಕ್ಕೆ ಒತ್ತಿ, ತೊಡೆಗಳನ್ನು ನೀಡಿಸಿ, ಕಾಲು ಹಿಡಿದು ಹೊರತೆಗೆಯುವ ಕ್ರಮವನ್ನೂ ಹೇಳುತ್ತದೆ. ಶಸ್ತ್ರಕರ್ಮಗಳಲ್ಲಿ ಇದಕ್ಕಿಂತ ಕಷ್ಟವಾದದ್ದು ಬೇರೊಂದಿಲ್ಲವೆಂದು ಒಪ್ಪಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಕಡೆ ಕೈಯ ಸ್ಪರ್ಶವೊಂದನ್ನೇ ನಂಬಿ ಮಾಡಬೇಕಾದ ಕೆಲಸವಾದ್ದರಿಂದ, ‘ಅಧಿಪತಿ’ಯನ್ನು ಕೇಳಿ, ಬಹಳ ಎಚ್ಚರದಿಂದ ತೊಡಗಬೇಕು ಎಂಬುದು ಅದರ ವಿಧಿ.

ಅಧಿಪತಿಯನ್ನು ಕೇಳಬೇಕು! ಒಡೆಯನನ್ನು, ಅರಸನನ್ನು ಎಂದು ಅರ್ಥ ಹೇಳುವುದುಂಟು. ನೋವು ತಿನ್ನುತ್ತಿರುವವಳನ್ನು ಕೇಳಬೇಕೆಂಬ ಮಾತು ಅಲ್ಲಿ ಬರುವುದಿಲ್ಲ. ಇದು ಸುಶ್ರುತನೊಬ್ಬನ ಲೋಪವೆನ್ನುವಂತಿಲ್ಲ. ಕಾಲು ಮುಂದಾಗಿ ಬರುವ ಕೂಸಿನ ಚರಿತ್ರೆಯನ್ನು ಓದುತ್ತ ಹೋದರೆ ಎಲ್ಲ ದೇಶಗಳಲ್ಲಿಯೂ ಈ ಪ್ರಶ್ನೆಯೇ ಎದುರಾಗುತ್ತದೆ: ಕೇಳಿದ್ದು ಯಾರನ್ನು?

ಒಡಲನ್ನು ಸೀಳಿ ಮಗುವನ್ನು ತೆಗೆಯುವ ಮಾತೂ ಹಳೆಯದೇ. ಬಸುರಿ ಸತ್ತು, ಹೊಟ್ಟೆ ಇನ್ನೂ ಮಿಡಿಯುತ್ತಿದ್ದರೆ ತಡಮಾಡದೆ ಸೀಳಿ ಕೂಸನ್ನು ತೆಗೆಯತಕ್ಕದ್ದೆಂದು ಸುಶ್ರುತ ಹೇಳುತ್ತಾನೆ. ಬಸುರಿ ಸತ್ತರೆ ಮಗುವನ್ನು ತೆಗೆಯದೆ ಹೂಳಕೂಡದೆಂಬ ಕಟ್ಟಳೆ ರೋಮಿನಲ್ಲಿಯೂ ಇತ್ತು. ಸಿಸೇರಿಯನ್ ಎಂಬ ಹೆಸರಿಗೆ ಜೂಲಿಯಸ್ ಸೀಸರ್ ಕಾರಣ, ಅವನು ಹಾಗೆ ಹುಟ್ಟಿದವನು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಇದು ನಂಬತಕ್ಕ ಮಾತಲ್ಲ. ಅವನ ತಾಯಿ ಔರೇಲಿಯ, ಮಗ ಬೆಳೆದು ದೊಡ್ಡವನಾಗಿ ಗಾಲ್ ದೇಶದಲ್ಲಿ ದಂಡಯಾತ್ರೆ ನಡೆಸುವ ಕಾಲದವರೆಗೂ ಬದುಕಿದ್ದಳು. ಆ ಕಾಲದಲ್ಲಿ ಹೊಟ್ಟೆ ಸೀಳಿಸಿಕೊಂಡ ತಾಯಿ ಬದುಕುವುದು ಕನಸಿನ ಮಾತು. ಕತ್ತರಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಈ ಹೆಸರು ಬಂದಿರಬೇಕೆಂಬ ಊಹೆಯೇ ಹೆಚ್ಚು ಯುಕ್ತ.

ಬದುಕಿರುವ ತಾಯಿಯ ಹೊಟ್ಟೆ ಸೀಳಿ ತಾಯಿಮಕ್ಕಳಿಬ್ಬರನ್ನೂ ಉಳಿಸಿಕೊಂಡ ಕತೆ ಸ್ವಿಟ್ಜರ್ಲೆಂಡಿನದು. ೧೫೦೦ರ ಸುಮಾರಿನಲ್ಲಿ ಹಂದಿಗಳ ಬೀಜ ಒಡೆಯುವ ಕಸುಬಿನ ಯಾಕೋಬ್ ನೂಫರ್ ಎಂಬವನು, ಸೂಲಗಿತ್ತಿಯರೆಲ್ಲ ಕೈಚೆಲ್ಲಿದ ಮೇಲೆ, ಅಧಿಕಾರಿಗಳ ಅಪ್ಪಣೆ ಪಡೆದು ತನ್ನ ಹೆಂಡತಿಗೆ ತಾನೇ ಈ ಶಸ್ತ್ರಕ್ರಿಯೆ ಮಾಡಿದನಂತೆ. ಕತೆ ಬರಹಕ್ಕೆ ಬಂದದ್ದು ಸುಮಾರು ಎಂಬತ್ತು ವರ್ಷಗಳ ನಂತರವಾದ್ದರಿಂದ ವಿದ್ವಾಂಸರು ಅದನ್ನು ಅನುಮಾನದಿಂದಲೇ ನೋಡುತ್ತಾರೆ. ಆದರೂ ನೋಡಿ, ಇಲ್ಲಿಯೂ ಅಪ್ಪಣೆ ಕೊಟ್ಟವರು ಅಧಿಕಾರಿಗಳು.

ಹೆಸರಾಂತ ವೈದ್ಯರು ಈ ಶಸ್ತ್ರಕ್ರಿಯೆಗೆ ಹೆದರುತ್ತಿದ್ದರು. ಹೆದರಿದ್ದು ನ್ಯಾಯವಾಗಿಯೂ ಇತ್ತು. ಪ್ಯಾರಿಸಿನ ಫ್ರಾನ್ಸ್ವಾ ಮೊರಿಸೊ ೧೬೬೮ರಲ್ಲಿ ಪ್ರಕಟಿಸಿದ ಪ್ರಸೂತಿ ಗ್ರಂಥ ಯೂರೋಪಿನಲ್ಲೆಲ್ಲ ಹೆಸರಾಯಿತು. ಕೊನೆಗೆ ಉಳಿಯುವ ತಲೆಯನ್ನು ಬಾಗಿಸಿ ಹೊರತರುವ ಕೈಚಳಕವೊಂದು ಇಂದಿಗೂ ಅವನ ಹೆಸರಿನಲ್ಲಿದೆ. ಆದರೆ ಬದುಕಿರುವ ಹೆಂಗಸಿನ ಹೊಟ್ಟೆ ಸೀಳುವುದನ್ನು ಅವನು ಕಡುವಾಗಿ ವಿರೋಧಿಸಿದ. ಗರ್ಭಕೋಶಕ್ಕೆ ಹೊಲಿಗೆ ಹಾಕುವ ರೂಢಿಯಿಲ್ಲದ ಕಾಲ ಅದು; ರಕ್ತ ಸೋರಿಯೋ ನಂಜೇರಿಯೋ ತಾಯಿ ಸಾಯುತ್ತಿದ್ದಳು.

ಈ ಇಕ್ಕಟ್ಟು ಎಂಥದೆಂಬುದಕ್ಕೆ ೧೮೫೯ರ ಜನವರಿ ೨೭ರಂದು ಬರ್ಲಿನ್ನಿನ ಅರಮನೆಯಲ್ಲಿ ನಡೆದ ಹೆರಿಗೆಯೇ ಸಾಕ್ಷಿ. ಹೆರುವವಳು ಇಂಗ್ಲೆಂಡಿನ ವಿಕ್ಟೋರಿಯ ರಾಣಿಯ ಹಿರಿಯ ಮಗಳು, ಹದಿನೆಂಟರ ಹುಡುಗಿ, ಚೊಚ್ಚಲು. ಮಗಳ ನೆರವಿಗೆಂದು ರಾಣಿ ತನ್ನ ವೈದ್ಯನನ್ನೂ ಸೂಲಗಿತ್ತಿಯನ್ನೂ ಕಳುಹಿಸಿಕೊಟ್ಟಿದ್ದಳು. ಕೂಸು ತಿರುಗಿರಲಿಲ್ಲ. ಎಡುವರ್ಡ್ ಮಾರ್ಟಿನ್ ಎಂಬ ಪ್ರಸೂತಿ ಪಂಡಿತ ಬಂದು, ಕ್ಲೋರೋಫಾರ್ಮಿನ ಮಂಪರಿನಲ್ಲಿದ್ದ ರಾಜಕುಮಾರಿಯ ಒಡಲಿನಿಂದ ಕೂಸನ್ನು ಎಳೆದು ತೆಗೆದ. ಮಗು ಮೊದಲು ಉಸಿರಾಡಲಿಲ್ಲ. ತಟ್ಟಿ ತಟ್ಟಿ ಉಸಿರು ಬರಿಸಿದರು. ತಾಯಿ ಬದುಕಿದಳು, ಮಗುವೂ ಬದುಕಿತು. ಆದರೆ ಎಳೆತದಲ್ಲಿ ಕತ್ತಿನ ನರಗಳು ಘಾಸಿಗೊಂಡು ಎಡಗೈ ಬಲಹೀನವಾಯಿತು. ಬೆಳೆದಂತೆ ಗಿಡ್ಡವಾಗಿಯೇ ಉಳಿಯಿತು. ಆಗ ತಾನೇ ಕೊಂದ ಮೊಲದ ಬಿಸಿಯೊಳಗೆ ಕೈಯನ್ನಿಡಿಸಿದರು, ವಿದ್ಯುತ್ತು ಹರಿಸಿದರು, ಫಲವಾಗಲಿಲ್ಲ. ಆ ಮಗುವೇ ಮುಂದೆ ೧೮೮೮ರಲ್ಲಿ ಜರ್ಮನಿಯ ಪಟ್ಟವೇರಿ ೧೯೧೮ರಲ್ಲಿ ಅದನ್ನು ಕಳೆದುಕೊಂಡ ಎರಡನೆಯ ಕೈಸರ್ ವಿಲ್ಹೆಲ್ಮ್. ಅವನ ಭಾವಚಿತ್ರಗಳಲ್ಲಿ ಎಡಗೈ ಖಡ್ಗದ ಹಿಡಿಯ ಮೇಲೋ ಕೈಗವುಸಿನ ಮರೆಯಲ್ಲೋ ಇರುವುದನ್ನು ನೋಡಬಹುದು. ಮಹಾಯುದ್ಧಕ್ಕೆ ಆ ಕೈಯೇ ಕಾರಣವೆಂದು ಹೇಳುವವರಿದ್ದಾರೆ. ಚರಿತ್ರೆ ಅಷ್ಟು ಸುಲಭವಾಗಿ ಲೆಕ್ಕಕ್ಕೆ ಸಿಕ್ಕುವುದಿಲ್ಲ. ನಾವು ಗಮನಿಸಬೇಕಾದದ್ದು ಇಷ್ಟೆ: ಅಂದು ಸಿಸೇರಿಯನ್ ಮಾಡಿದ್ದರೆ ಕೈ ಉಳಿಯುತ್ತಿತ್ತೇನೋ, ತಾಯಿ ಬಹುಶಃ ಉಳಿಯುತ್ತಿರಲಿಲ್ಲ. ಅರಸುಮಗಳಿಗೂ ಅಂದು ಆಯ್ಕೆಯೆಂಬುದು ಇರಲಿಲ್ಲ.

ಆಯ್ಕೆ ಹುಟ್ಟಿದ್ದು ಆಮೇಲೆ, ಮೆಲ್ಲಮೆಲ್ಲಗೆ. ೧೮೭೬ರಲ್ಲಿ ಇಟಲಿಯ ಎಡುವಾರ್ಡೊ ಪೊರ್ರೊ ಮಗುವನ್ನು ತೆಗೆದ ಮೇಲೆ ಗರ್ಭಕೋಶವನ್ನೇ ಕತ್ತರಿಸಿ ತೆಗೆದು ತಾಯಿಯನ್ನು ಉಳಿಸಿದ. ಬದುಕಿಗೆ ತೆತ್ತ ಬೆಲೆ ದೊಡ್ಡದು. ೧೮೮೨ರಲ್ಲಿ ಜರ್ಮನಿಯ ಮಾಕ್ಸ್ ಸೆಂಗರ್ ಗರ್ಭಕೋಶವನ್ನು ಉಳಿಸಿಕೊಂಡು ಬೆಳ್ಳಿಯ ತಂತಿ, ರೇಷ್ಮೆ ದಾರಗಳಿಂದ ಹೊಲಿಯುವ ಕ್ರಮವನ್ನು ತಂದ. ಇಪ್ಪತ್ತನೆಯ ಶತಮಾನದಲ್ಲಿ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವ ಪದ್ಧತಿ, ರಕ್ತದಾನ, ಪೆನಿಸಿಲಿನ್, ಒಳ್ಳೆಯ ಅರಿವಳಿಕೆ ಒಂದಾದ ಮೇಲೊಂದು ಬಂದುವು. ಸಾವಿನ ಮನೆಯ ವಿದ್ಯೆಯಾಗಿದ್ದದ್ದು ಬಾಳಿನ ವಿದ್ಯೆಯಾಯಿತು.

ನಮ್ಮ ನಾಡಿನ ಹೆಂಗಸರ ಪಾಲಿಗೆ ಆಸ್ಪತ್ರೆಯ ಹೆರಿಗೆಯೇ ಹೊಸದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಬಾಗಿಲು ತೆರೆದದ್ದು ೧೯೩೫ರಲ್ಲಿ. ಹಳ್ಳಿಗಳಲ್ಲಿ ಅದಾದ ಬಹುಕಾಲದವರೆಗೂ ಸೂಲಗಿತ್ತಿಯೇ ದಿಕ್ಕು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಕಾಸು ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿ ೨೦೧೮ರಲ್ಲಿ ಪದ್ಮಶ್ರೀ ಪಡೆದು, ಆ ವರ್ಷವೇ ತೀರಿಕೊಂಡರು. ಅಂಥ ಕೈಗಳಿದ್ದ ಊರು ಪುಣ್ಯ ಮಾಡಿತ್ತು. ಎಲ್ಲ ಊರೂ ಅಷ್ಟು ಪುಣ್ಯ ಮಾಡಿರಲಿಲ್ಲ. ನನ್ನ ತಾಯಿಯ ತಾಯಿ ಒಂಬತ್ತು ಹೆತ್ತು ಆರನ್ನು ಉಳಿಸಿಕೊಂಡವಳು. ಉಳಿಯದ ಮೂರರಲ್ಲಿ ಒಂದು ಕಾಲು ಮುಂದಾಗಿ ಬಂದದ್ದು. ಅದರ ಮಾತು ಬಂದಾಗ ಅವಳು, “ಅದಕ್ಕೆ ದಾರಿ ಸಿಕ್ಕಲಿಲ್ಲ ಕಣಪ್ಪ” ಎನ್ನುತ್ತಿದ್ದಳು. ಮೂಢಗರ್ಭವೆಂಬ ಮಾತನ್ನು ಅವಳು ಕೇಳಿರಲಿಲ್ಲ. ಅದರ ಅರ್ಥ ಅವಳಿಗೆ ಗೊತ್ತಿತ್ತು.

ಇನ್ನು ಹತ್ತಿರದ ಚರಿತ್ರೆಗೆ ಬರೋಣ. ೨೦೦೦ದ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೆನಡಾದ ಮೇರಿ ಹ್ಯಾನ್ನಾ ಮತ್ತು ಸಂಗಡಿಗರ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ೨೬ ದೇಶಗಳ ೧೨೧ ಕೇಂದ್ರಗಳಲ್ಲಿ ತಿರುಗದ ಕೂಸಿನ ೨,೦೮೮ ಬಸುರಿಯರನ್ನು ಎರಡು ಪಂಗಡ ಮಾಡಿ ನೋಡಿದ್ದರು. ಮೊದಲೇ ಗೊತ್ತುಮಾಡಿದ ಸಿಸೇರಿಯನ್ ಪಂಗಡದಲ್ಲಿ ಮಗುವಿನ ಸಾವು ಅಥವಾ ತೀವ್ರ ಅಸ್ವಸ್ಥತೆ ನೂರಕ್ಕೆ ೧.೬, ಸಹಜ ಹೆರಿಗೆಗೆ ಬಿಟ್ಟ ಪಂಗಡದಲ್ಲಿ ನೂರಕ್ಕೆ ೫. ಲೋಕವೆಲ್ಲ ಶಸ್ತ್ರದ ಕಡೆಗೆ ವಾಲಿತು. ನೆದರ್ಲೆಂಡಿನಲ್ಲಿ ಎರಡೇ ತಿಂಗಳಲ್ಲಿ ಇಂಥ ಹೆರಿಗೆಗಳ ಸಿಸೇರಿಯನ್ ಪ್ರಮಾಣ ನೂರಕ್ಕೆ ೫೦ರಿಂದ ೮೦ಕ್ಕೆ ಏರಿತು. ಆದರೆ ೨೦೦೪ರಲ್ಲಿ, ಎರಡು ವರ್ಷ ತುಂಬಿದ ಮಕ್ಕಳನ್ನು ನೋಡಿದಾಗ ಎರಡು ಪಂಗಡಗಳಿಗೂ ಅಂತರ ಕಾಣಲಿಲ್ಲ. ೨೦೦೬ರಲ್ಲಿ ಫ್ರಾನ್ಸ್, ಬೆಲ್ಜಿಯಂಗಳ ಎಂಟು ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಕುರಿತ ಅಧ್ಯಯನ, ತಕ್ಕವರನ್ನು ಆರಿಸಿ, ಪಳಗಿದ ಕೈಗಳು ನೋಡಿಕೊಂಡರೆ ಸಹಜ ಹೆರಿಗೆಯೂ ಹೆಚ್ಚು ಅಪಾಯದ್ದಲ್ಲವೆಂದು ತೋರಿಸಿತು. ಅಷ್ಟರಲ್ಲಿ ಪಳಗಿದ ಕೈಗಳೇ ಕಡಮೆಯಾಗತೊಡಗಿದ್ದುವು. ಮಾಡದ ವಿದ್ಯೆ ಮರೆಯುತ್ತದೆ; ಮೊರಿಸೊವಿನ ಕೈಚಳಕಕ್ಕೂ ಇದೇ ನಿಯಮ.

ಬ್ರಿಟನ್ನಿನ ಪ್ರಸೂತಿ ವೈದ್ಯರ ರಾಯಲ್ ಕಾಲೇಜು ೨೦೧೭ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ತಿರುಗದ ಕೂಸು ಸಾಯುವ ಸಂಭವ, ೩೯ ವಾರ ತುಂಬಿದ ಮೇಲೆ ಸಿಸೇರಿಯನ್ ಆದರೆ ಎರಡು ಸಾವಿರಕ್ಕೆ ಒಂದು, ಸಹಜ ಹೆರಿಗೆಗೆ ಹೊರಟರೆ ಎರಡು ಸಾವಿರಕ್ಕೆ ನಾಲ್ಕು. ಹೊಟ್ಟೆಯ ಮೇಲಿನಿಂದ ಒತ್ತಿ ಕೂಸನ್ನು ತಿರುಗಿಸುವ ಪ್ರಯತ್ನವೂ ಇದೆ. ಅದು ಫಲಿಸುವುದು ಸುಮಾರು ಅರ್ಧ ಮಂದಿಗೆ. ಇನ್ನೊಂದು ಕಡೆ, ಗರ್ಭಕೋಶದ ಮೇಲಿನ ಗಾಯದ ಕಲೆ ಮುಂದಿನ ಬಸಿರುಗಳಿಗೆ ತೊಡಕು ತರಬಹುದು. ಹೆಚ್ಚು ಮಕ್ಕಳು ಬೇಕೆನ್ನುವವಳು ಇದನ್ನೂ ತೂಗಿನೋಡಬೇಕು.

ಕೆಲವು ವರ್ಷಗಳ ಹಿಂದೆ ನನ್ನ ತಂಗಿ ಈ ತಕ್ಕಡಿಯ ಮುಂದೆ ನಿಂತಳು. ಡಾಕ್ಟರು ಎಲ್ಲ ದಾರಿಗಳನ್ನೂ ವಿವರಿಸಿ ಹೇಳಿದ್ದರು. ಅವಳಿಗೆ ಸಿಸೇರಿಯನ್ನೇ ಸರಿಯೆನಿಸಿತ್ತು. ಮನೆಯಲ್ಲಿ ಅದೊಂದು ಸೋಲಿನಂತೆ ಮಾತಾಯಿತು. “ನಾವೆಲ್ಲ ಹೆರಲಿಲ್ಲವೆ?” ಎಂದರು ಅವಳ ಅತ್ತೆ. ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ಭಯವಿತ್ತು. ಆ ಸಂಜೆ ತಂಗಿ ನನ್ನೊಡನೆ, “ಅಣ್ಣ, ಕೂಸು ತಿರುಗಿತೆ ಅಂತ ಎಲ್ಲರೂ ಕೇಳಿದರು. ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ಡಾಕ್ಟರು ಬಿಟ್ಟರೆ ಯಾರೂ ಕೇಳಲಿಲ್ಲ” ಎಂದಳು. ಸುಶ್ರುತನಿಂದ ನೂಫರನವರೆಗೆ ನಾನು ಓದಿದ್ದನ್ನೆಲ್ಲ ಅವಳು ಎರಡು ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಅವಳು ತನ್ನ ನಿರ್ಧಾರವನ್ನು ಬದಲಿಸಲಿಲ್ಲ. ಹೆಣ್ಣು ಮಗು, ಈಗ ಶಾಲೆಗೆ ಹೋಗುತ್ತಿದೆ.

ಎಲ್ಲರೂ ಶಸ್ತ್ರಕ್ಕೇ ಮೈಯೊಡ್ಡಲಿ ಎಂದು ಇದರ ತಾತ್ಪರ್ಯವಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರಕ್ಕೆ ೨೧.೫ ಹೆರಿಗೆಗಳು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ ೪೭.೪. ಇಷ್ಟೂ ತಾಯಂದಿರು ತಿಳಿದು ಆರಿಸಿಕೊಂಡದ್ದೆಂದು ನಂಬುವುದು ಕಷ್ಟ. ಕೇಳದೆ ಕೊಯ್ಯುವುದೂ, ಕೇಳದೆ ತಡೆಯುವುದೂ ಒಂದೇ ದೋಷದ ಎರಡು ಮುಖ.

ನ್ಯಾಯಾಲಯಗಳು ಈ ದೋಷವನ್ನು ಗುರುತಿಸಿದ್ದು ತೀರ ಈಚೆಗೆ. ಅರಿವಳಿಕೆಯಲ್ಲಿದ್ದ ಹೆಂಗಸೊಬ್ಬಳ ತಾಯಿಯನ್ನು ಕೇಳಿ ಅವಳ ಗರ್ಭಕೋಶವನ್ನು ತೆಗೆದ ಮೊಕದ್ದಮೆಯಲ್ಲಿ, ವಯಸ್ಸಿಗೆ ಬಂದ ಹೆಂಗಸಿನ ಒಪ್ಪಿಗೆಯನ್ನು ಅವಳೇ ಕೊಡಬೇಕೆಂದು ೨೦೦೮ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ೨೦೧೫ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಇನ್ನೂ ಹತ್ತಿರದ ಸಂಗತಿ. ಸಹಜ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯವನ್ನು ಹೇಳಿದರೆ ತಾಯಿ ಸಿಸೇರಿಯನ್ ಕೇಳಿಯಾಳೆಂದು ವೈದ್ಯರು ಅದನ್ನು ಹೇಳದೆ ಬಿಟ್ಟಿದ್ದರು. ಮಗುವಿಗೆ ಶಾಶ್ವತ ಊನವಾಯಿತು. ಹೇಳಬೇಕಾಗಿತ್ತು, ಆರಿಸುವ ಹಕ್ಕು ಅವಳದು ಎಂದಿತು ನ್ಯಾಯಾಲಯ.

ಪ್ರಾಚೀನರು ಹಾಕಿಕೊಟ್ಟ ವಿಧಿ ತಪ್ಪಾಗಿರಲಿಲ್ಲ. ಇಂಥ ಕೆಲಸಕ್ಕೆ ಕೈಹಾಕುವ ಮೊದಲು ಅಧಿಪತಿಯನ್ನು ಕೇಳತಕ್ಕದ್ದೇ. ಆ ಒಡಲಿಗೆ ಅಧಿಪತಿ ಯಾರೆಂಬುದನ್ನು ತಿಳಿದುಕೊಳ್ಳಲು ನಮಗೆ ಎರಡು ಸಾವಿರ ವರ್ಷ ಹಿಡಿಯಿತು, ಅಷ್ಟೆ.