ಅಂಧರ ಆಟ, ನಾಟಕ, ಸಿನಿಮಾ, ಓದು: ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯಲ್ಲಿ ಏನೇನು ಸಾಧ್ಯ?

ದೃಷ್ಟಿದೋಷವುಳ್ಳವರ ಬಗ್ಗೆ ಮಾತು ಬಂದರೆ ಸಾಮಾನ್ಯವಾಗಿ ಶಾಲೆ, ಉದ್ಯೋಗ, ಪಿಂಚಣಿ, ಶಸ್ತ್ರಚಿಕಿತ್ಸೆಗಳ ಕುರಿತೇ ಚರ್ಚೆ ನಡೆಯುತ್ತದೆ. ಭಾನುವಾರ ಅವರು ಎಲ್ಲಿಗೆ ಹೋಗುತ್ತಾರೆ, ಯಾವ ಆಟ ಆಡುತ್ತಾರೆ, ನಾಟಕಕ್ಕೆ ಯಾರೊಂದಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಏಳುವುದೇ ಅಪರೂಪ. ಆದರೆ ಮನೆಯಿಂದ ಹೊರಗೆ ಬಂದು ನಾಲ್ಕು ಜನರ ಜೊತೆ ಬೆರೆಯುವ ಅವಕಾಶ ಇಲ್ಲದಿದ್ದರೆ, ಸಂಬಳ ಮತ್ತು ಪ್ರಮಾಣಪತ್ರ ಎರಡೂ ಇದ್ದವರು ಕೂಡ ಒಂಟಿಯಾಗುತ್ತಾರೆ. ಮಧ್ಯವಯಸ್ಸಿನಲ್ಲಿ ಮಧುಮೇಹ ಅಥವಾ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡವರ ವಿಷಯದಲ್ಲಿ ಇದು ಇನ್ನಷ್ಟು ನಿಜ.

ಮುಂಬಯಿಯ ಹೊರವಲಯದ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿಯಲ್ಲಿ ವಾಸಿಸುವ ಅಂಧರು ಹಾಗೂ ಮಂದದೃಷ್ಟಿಯವರಿಗೆ ಮನರಂಜನೆ ಮತ್ತು ಸಾಂಸ್ಕೃತಿಕ ಚಟುವಟಿಕೆಗಳ ದಾರಿಗಳು ಯಾವುವು, ಕಾನೂನು ಏನು ಹೇಳುತ್ತದೆ, ಸ್ಥಳೀಯ ಸಂಘ ಸಂಸ್ಥೆಗಳು ಏನು ಮಾಡಬಹುದು ಎಂಬ ಮಾಹಿತಿ ಇಲ್ಲಿದೆ.

ಅಂಧತ್ವ ಬೇರೆ, ಮಂದದೃಷ್ಟಿ ಬೇರೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷವುಳ್ಳವರ ಸಂಖ್ಯೆ ಸುಮಾರು 50 ಲಕ್ಷ. ಇವರೆಲ್ಲರೂ ಪೂರ್ಣ ಅಂಧರಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿಕೊಂಡ ಮೇಲೂ ಉತ್ತಮವಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅಥವಾ ನೋಟದ ವ್ಯಾಪ್ತಿ 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದು ಅಂಧತ್ವ. ದೃಷ್ಟಿ 6/18ರಿಂದ 3/60ರ ನಡುವೆ ಇದ್ದರೆ ಅಥವಾ ನೋಟದ ವ್ಯಾಪ್ತಿ 40ರಿಂದ 10 ಡಿಗ್ರಿಯೊಳಗೆ ಇದ್ದರೆ ಮಂದದೃಷ್ಟಿ.

ಕಾರ್ಯಕ್ರಮ ನಡೆಸುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಮಂದದೃಷ್ಟಿಯವರಿಗೆ ಮುಂದಿನ ಸಾಲಿನ ಆಸನ, ದೊಡ್ಡ ಅಕ್ಷರದ ಆಮಂತ್ರಣ, ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ, ಸಾಕಷ್ಟು ಬೆಳಕು ಇದ್ದರೆ ಬಹುಪಾಲು ಕೆಲಸ ಆದಂತೆ. ಪೂರ್ಣ ಅಂಧರಿಗೆ ಬೇಕಾಗಿರುವುದು ಸ್ಪರ್ಶ ಮತ್ತು ಮಾತು. ಏನು ನಡೆಯುತ್ತಿದೆ ಎಂದು ಪಕ್ಕದಲ್ಲಿ ಕುಳಿತು ಹೇಳುವವರೊಬ್ಬರು ಇರಬೇಕು.

ಸಂಸ್ಥೆಗಳು ಒಂದು ತುದಿಯಲ್ಲಿ, ಜನ ಇನ್ನೊಂದು ತುದಿಯಲ್ಲಿ

ಅಂಧರಿಗಾಗಿ ಇರುವ ಹಳೆಯ ಸಂಸ್ಥೆಗಳು ಬಹುತೇಕ ಮುಂಬಯಿ ನಗರದೊಳಗೇ ಇವೆ. ದಾದರ್‌ನ ಕಮಲಾ ಮೆಹ್ತಾ ಅಂಧ ಬಾಲಕಿಯರ ಶಾಲೆ ಮತ್ತು ತಾರ್ದೇವ್‌ನ ವಿಕ್ಟೋರಿಯಾ ಮೆಮೋರಿಯಲ್ ಅಂಧರ ಶಾಲೆ ಎರಡಕ್ಕೂ ಶತಮಾನ ಮೀರಿದ ಇತಿಹಾಸವಿದೆ. 1952ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ (ನ್ಯಾಬ್) ಕೇಂದ್ರ ಕಚೇರಿ ವರ್ಲಿಯಲ್ಲಿದೆ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಲ್ಲಿ ಆರಂಭವಾದ ದೃಷ್ಟಿಸವಾಲಿನವರ ಸಂಪನ್ಮೂಲ ಕೇಂದ್ರ ಸಿಎಸ್‌ಎಂಟಿ ನಿಲ್ದಾಣದ ಬಳಿಯಿದೆ.

ಆದರೆ ಬಾಡಿಗೆ ಕಡಿಮೆ ಇರುವ ಕಡೆ ಮನೆ ಮಾಡಿದ ಕುಟುಂಬಗಳು ಇರುವುದು ರೈಲು ಮಾರ್ಗದ ಇನ್ನೊಂದು ತುದಿಯಲ್ಲಿ. ಸಿಎಸ್‌ಎಂಟಿಯಿಂದ ಥಾಣೆಗೆ 34 ಕಿ.ಮೀ., ಕಲ್ಯಾಣ್‌ಗೆ ಸುಮಾರು 54 ಕಿ.ಮೀ. ಕಲ್ಯಾಣ್ ದಾಟಿ ಬದ್ಲಾಪುರದ ಆಚೆಗಿರುವ ವಾಂಗಣಿಯಲ್ಲಿ ನೂರಾರು ಅಂಧರು ನೆಲೆಸಿದ್ದಾರೆ. ಅವರಲ್ಲಿ ಹಲವರಿಗೆ ಲೋಕಲ್ ರೈಲುಗಳಲ್ಲಿ ಸಣ್ಣಪುಟ್ಟ ವಸ್ತುಗಳನ್ನು ಮಾರುವುದೇ ಜೀವನೋಪಾಯ. 2021ರ ಏಪ್ರಿಲ್ 17ರಂದು ವಾಂಗಣಿ ನಿಲ್ದಾಣದಲ್ಲಿ ಅಂಧ ತಾಯಿಯ ಜೊತೆಗಿದ್ದ ಮಗು ಹಳಿಗೆ ಬಿದ್ದಾಗ ಪಾಯಿಂಟ್ಸ್‌ಮನ್ ಮಯೂರ್ ಶೆಳ್ಕೆ ಓಡಿಬಂದು ರಕ್ಷಿಸಿದ ದೃಶ್ಯವನ್ನು ಇಡೀ ದೇಶ ನೋಡಿತ್ತು. ಪ್ಲಾಟ್‌ಫಾರ್ಮ್‌ನ ಅಂಚು ಇವರಿಗೆ ನಿತ್ಯದ ಅಪಾಯ. ಹೀಗಿರುವಾಗ ಒಂದು ಸಂಜೆಯ ಕಾರ್ಯಕ್ರಮಕ್ಕಾಗಿ ದಕ್ಷಿಣ ಮುಂಬಯಿಗೆ ಹೋಗಿ ರಾತ್ರಿ ಹಿಂದಿರುಗುವುದು ಹೇಳಿದಷ್ಟು ಸುಲಭವಲ್ಲ. ಕಾರ್ಯಕ್ರಮಗಳು ಮನೆಯ ಹತ್ತಿರವೇ ನಡೆಯಬೇಕು ಎನ್ನುವುದಕ್ಕೆ ಇದೇ ಮುಖ್ಯ ಕಾರಣ.

ಪ್ರಯಾಣಕ್ಕೆ ಇರುವ ಅನುಕೂಲಗಳು

ಉಪನಗರ ರೈಲುಗಳಲ್ಲಿ ಅಂಗವಿಕಲರಿಗೆ ಪ್ರತ್ಯೇಕ ಬೋಗಿಯಿದೆ. ಅದು ನಿಲ್ಲುವ ಜಾಗ ತಿಳಿಯಲೆಂದು ಪ್ಲಾಟ್‌ಫಾರ್ಮ್‌ಗಳಲ್ಲಿ ಬೀಪ್ ಶಬ್ದದ ಸಾಧನಗಳನ್ನು ಅಳವಡಿಸಲಾಗಿದೆ. ಪೂರ್ಣ ಅಂಧರು ಮತ್ತು ಅವರ ಜೊತೆಗಾರರಿಗೆ ಸೀಸನ್ ಟಿಕೆಟ್‌ನಲ್ಲಿ ಶೇ. 50ರಷ್ಟು ರಿಯಾಯಿತಿ ಸಿಗುತ್ತದೆ. 2004ರಲ್ಲಿ ಆರಂಭವಾದ ಟ್ರಾನ್ಸ್ ಹಾರ್ಬರ್ ಮಾರ್ಗದಿಂದಾಗಿ ಥಾಣೆಯಿಂದ ವಾಶಿಗೆ ನೇರ ಲೋಕಲ್ ಇದೆ. ಕಲ್ಯಾಣ್, ಡೊಂಬಿವಲಿಯವರು ಥಾಣೆಯಲ್ಲಿ ರೈಲು ಬದಲಿಸಿ ನವಿ ಮುಂಬಯಿಗೆ ಹೋಗಬಹುದು. ಹೀಗಾಗಿ ನಾಲ್ಕೂ ಊರಿನವರು ಸೇರುವ ಕಾರ್ಯಕ್ರಮಕ್ಕೆ ಥಾಣೆ ನಿಲ್ದಾಣದ ಸುತ್ತಮುತ್ತಲಿನ ಜಾಗವೇ ಹೆಚ್ಚು ಅನುಕೂಲಕರ.

ಮನರಂಜನೆಯೂ ಹಕ್ಕು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಸಂಸ್ಕೃತಿ ಮತ್ತು ಮನರಂಜನೆಗೆ ಮೀಸಲು. ಇತರರಿಗೆ ಸಮಾನವಾಗಿ ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಕಾಪಾಡಲು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಕ್ರಮ ಕೈಗೊಳ್ಳಬೇಕು ಎಂದು ಅದು ಹೇಳುತ್ತದೆ. ಅಂಗವಿಕಲ ಕಲಾವಿದರಿಗೆ ಮತ್ತು ಬರಹಗಾರರಿಗೆ ನೆರವು, ಮನರಂಜನಾ ಕೇಂದ್ರಗಳು, ನೃತ್ಯ ಮತ್ತು ಚಿತ್ರಕಲೆ ತರಗತಿ, ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆ ಎಲ್ಲವೂ ಅದರ ಪಟ್ಟಿಯಲ್ಲಿವೆ. 30ನೇ ಸೆಕ್ಷನ್ ಕ್ರೀಡೆಗೆ ಸಂಬಂಧಿಸಿದ್ದು.

ಈ ಪ್ರದೇಶದಲ್ಲಿ ‘ಸ್ಥಳೀಯ ಸಂಸ್ಥೆ’ ಎಂದರೆ ಮುಖ್ಯವಾಗಿ ಥಾಣೆ, ಕಲ್ಯಾಣ್-ಡೊಂಬಿವಲಿ ಮತ್ತು ನವಿ ಮುಂಬಯಿ ಮಹಾನಗರ ಪಾಲಿಕೆಗಳು. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದ ಶೇ. 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕೆಂಬ ನಿಯಮ ಮಹಾರಾಷ್ಟ್ರದಲ್ಲಿದೆ. ನವಿ ಮುಂಬಯಿ ಪಾಲಿಕೆಯು ವಾಶಿಯಲ್ಲಿ ಅಂಗವಿಕಲರಿಗಾಗಿ ಇಟಿಸಿ ಎಂಬ ಶಿಕ್ಷಣ ಮತ್ತು ತರಬೇತಿ ಕೇಂದ್ರ ನಡೆಸುತ್ತಿದೆ. ಯಾವುದೇ ಸಂಘ ಅಂಧರಿಗಾಗಿ ಕ್ರೀಡಾಕೂಟ ಅಥವಾ ಸಂಗೀತ ಶಿಬಿರ ನಡೆಸಲು ಬಯಸಿದರೆ ಪಾಲಿಕೆಯ ಸಂಬಂಧಪಟ್ಟ ವಿಭಾಗಕ್ಕೆ ಲಿಖಿತ ಮನವಿ ಸಲ್ಲಿಸುವಾಗ 29ನೇ ಸೆಕ್ಷನ್ ಉಲ್ಲೇಖಿಸಿದರೆ ಕೋರಿಕೆಗೆ ಬಲ ಬರುತ್ತದೆ.

ಕ್ರಿಕೆಟ್: ಶಬ್ದ ಕೇಳಿ ಆಡುವ ಆಟ

ಅಂಧರ ಕ್ರಿಕೆಟ್‌ನಲ್ಲಿ ಬಳಸುವುದು ಒಳಗೆ ಸಣ್ಣ ಲೋಹದ ಗುಂಡುಗಳಿರುವ ಬಿಳಿ ಪ್ಲಾಸ್ಟಿಕ್ ಚೆಂಡು. ಅದು ಉರುಳಿದಾಗ ಗಲಗಲ ಸದ್ದು ಬರುತ್ತದೆ. ಬೌಲರ್ ‘ರೆಡಿ?’ ಎಂದು ಕೇಳಿ, ಬ್ಯಾಟರ್ ಒಪ್ಪಿದ ಮೇಲೆ ‘ಪ್ಲೇ’ ಎನ್ನುತ್ತಾ ಕೈ ಕೆಳಗಿನಿಂದ ಚೆಂಡೆಸೆಯುತ್ತಾರೆ. ಚೆಂಡು ಪಿಚ್‌ನ ಅರ್ಧ ದಾಟುವ ಮುನ್ನ ನೆಲಕ್ಕೆ ತಾಗಬೇಕು. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಬಿ1 ಅಂದರೆ ಪೂರ್ಣ ಅಂಧರಾಗಿರಬೇಕು. ಉಳಿದವರು ಬಿ2, ಬಿ3 ವರ್ಗದ ಭಾಗಶಃ ದೃಷ್ಟಿಯುಳ್ಳವರು. ಬಿ1 ಬ್ಯಾಟರ್ ಗಳಿಸಿದ ರನ್ ಎರಡರಷ್ಟಾಗಿ ಲೆಕ್ಕಕ್ಕೆ ಬರುತ್ತದೆ. ಚೆಂಡು ಉರುಳುವಾಗ ಪ್ರೇಕ್ಷಕರು ಸದ್ದು ಮಾಡಬಾರದು. ಚಪ್ಪಾಳೆ ಏನಿದ್ದರೂ ಆಮೇಲೆ.

ಈ ಆಟದಲ್ಲಿ ಕರ್ನಾಟಕದ ಪಾಲು ದೊಡ್ಡದು. ಭಾರತದ ಅಂಧರ ಕ್ರಿಕೆಟ್ ಸಂಸ್ಥೆಗೆ ಬೆಂಗಳೂರಿನ ಸಮರ್ಥನಂ ಟ್ರಸ್ಟ್ ಬೆನ್ನೆಲುಬು. 2012, 2017 ಮತ್ತು 2022ರ ಟಿ20 ವಿಶ್ವಕಪ್‌ಗಳನ್ನು ಭಾರತ ಗೆದ್ದಿತು. ಮೂರೂ ಫೈನಲ್‌ಗಳು ನಡೆದದ್ದು ಬೆಂಗಳೂರಿನಲ್ಲಿ. ಮಾಜಿ ನಾಯಕ, ಶಿವಮೊಗ್ಗ ಮೂಲದ ಶೇಖರ್ ನಾಯ್ಕ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ನಡೆದ ಮೊದಲ ಮಹಿಳಾ ಅಂಧರ ಟಿ20 ವಿಶ್ವಕಪ್ ಗೆದ್ದ ತಂಡದ ನಾಯಕಿ ದೀಪಿಕಾ ಟಿ.ಸಿ. ಕೂಡ ಕರ್ನಾಟಕದ ಪರ ಆಡುವವರು. ಥಾಣೆ ಅಥವಾ ಕಲ್ಯಾಣ್‌ನ ಶಾಲಾ ಮೈದಾನದಲ್ಲಿ ಇದನ್ನು ಆರಂಭಿಸಲು ಬೇಕಾಗಿರುವುದು ಸದ್ದು ಮಾಡುವ ಚೆಂಡು, ಗದ್ದಲವಿಲ್ಲದ ಜಾಗ ಮತ್ತು ನಿಯಮ ತಿಳಿದ ಒಬ್ಬ ತರಬೇತುದಾರ.

ಚದುರಂಗ: ಎಲ್ಲರ ಜೊತೆ ಸಮವಾಗಿ

ಅಂಧರು ಮತ್ತು ದೃಷ್ಟಿಯುಳ್ಳವರು ಎದುರುಬದುರು ಕುಳಿತು ಸಮಾನವಾಗಿ ಆಡಬಹುದಾದ ಆಟ ಚದುರಂಗ. ಅಂಧರ ಮಣೆಯಲ್ಲಿ ಕಪ್ಪು ಚೌಕಗಳು ತುಸು ಎತ್ತರದಲ್ಲಿರುತ್ತವೆ. ಪ್ರತಿ ಚೌಕದಲ್ಲೂ ರಂಧ್ರವಿದ್ದು, ಕಾಯಿಗಳ ತಳದ ಮೊಳೆ ಅದರಲ್ಲಿ ಕೂರುತ್ತದೆ. ಹೀಗಾಗಿ ಕೈಯಾಡಿಸಿದರೂ ಕಾಯಿ ಬೀಳುವುದಿಲ್ಲ. ಒಂದು ಬಣ್ಣದ ಕಾಯಿಗಳ ತಲೆಯ ಮೇಲೆ ಗುರುತಿಗಾಗಿ ಸಣ್ಣ ಉಬ್ಬು ಇರುತ್ತದೆ. ಇಬ್ಬರೂ ಬೇರೆ ಬೇರೆ ಮಣೆ ಇಟ್ಟುಕೊಂಡು ನಡೆಗಳನ್ನು ಬಾಯಲ್ಲಿ ಹೇಳುತ್ತಾರೆ. ಅಖಿಲ ಭಾರತ ಅಂಧರ ಚೆಸ್ ಒಕ್ಕೂಟದ ನೆಲೆ ಮುಂಬಯಿಯಲ್ಲೇ ಇದೆ. ಶಿವಮೊಗ್ಗದ ಕಿಶನ್ ಗಂಗೊಳ್ಳಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದಾರೆ. ಒಂದು ಮೇಜು, ಎರಡು ಮಣೆ ಇದ್ದರೆ ಹೌಸಿಂಗ್ ಸೊಸೈಟಿಯ ಸಭಾಂಗಣದಲ್ಲೂ ಈ ಆಟ ನಡೆಯುತ್ತದೆ.

ನಾಟಕ, ಸಂಗೀತ, ತಾಳಮದ್ದಳೆ

ಈ ನಾಲ್ಕೂ ಊರುಗಳಲ್ಲಿ ಪಾಲಿಕೆಯ ರಂಗಮಂದಿರಗಳಿವೆ. ಥಾಣೆಯಲ್ಲಿ ಗಡ್ಕರಿ ರಂಗಾಯತನ ಮತ್ತು ಡಾ. ಕಾಶೀನಾಥ ಘಾಣೇಕರ್ ನಾಟ್ಯಗೃಹ, ಡೊಂಬಿವಲಿಯಲ್ಲಿ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣ್‌ನಲ್ಲಿ ಆಚಾರ್ಯ ಅತ್ರೆ ರಂಗಮಂದಿರ, ವಾಶಿಯಲ್ಲಿ ವಿಷ್ಣುದಾಸ್ ಭಾವೆ ನಾಟ್ಯಗೃಹ. ಮರಾಠಿ ರಂಗಭೂಮಿಯಲ್ಲಿ ಅಂಧ ಕಲಾವಿದರೇ ಅಭಿನಯಿಸಿದ ನಾಟಕಗಳೂ ಬಂದಿವೆ. ನಿರ್ದೇಶಕ ಸ್ವಾಗತ್ ಥೋರಾತ್ ಅವರ ‘ಅಪೂರ್ವ ಮೇಘದೂತ’ ಅಂಥದ್ದೊಂದು ಪ್ರಯೋಗ. ದಹಿ ಹಂಡಿಯ ಸಂದರ್ಭದಲ್ಲಿ ಮುಂಬಯಿಯ ನಯನ್ ಫೌಂಡೇಶನ್‌ನ ಅಂಧ ಗೋವಿಂದರ ತಂಡ ಮಾನವ ಗೋಪುರ ಕಟ್ಟಿ ಮೊಸರು ಕುಡಿಕೆ ಒಡೆದಿದೆ.

ಕನ್ನಡಿಗರ ಮಟ್ಟಿಗೆ ಹೇಳುವುದಾದರೆ, ಅಂಧ ಕೇಳುಗರಿಗೆ ಹೇಳಿ ಮಾಡಿಸಿದ ಕಲೆ ತಾಳಮದ್ದಳೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ-ಮದ್ದಳೆಯ ನುಡಿ, ಅರ್ಥಧಾರಿಗಳ ಮಾತು ಇಷ್ಟರಲ್ಲೇ ಇಡೀ ಪ್ರಸಂಗ ಕಟ್ಟಿಕೊಳ್ಳುತ್ತದೆ. ಕಣ್ಣಿದ್ದವರಿಗೆ ಸಿಗುವುದೆಲ್ಲ ಅಂಧರಿಗೂ ಸಿಗುತ್ತದೆ. ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಮುಂಬಯಿ ಮತ್ತು ಉಪನಗರಗಳಿಗೆ ಬಂದು ಕೂಟ ನಡೆಸುವ ವಾಡಿಕೆ ಇದ್ದೇ ಇದೆ. ಸಂಘಟಕರು ಬಡಾವಣೆಯ ಅಂಧ ಕುಟುಂಬಗಳಿಗೆ ಫೋನ್ ಮಾಡಿ ಕರೆದು, ನಿಲ್ದಾಣದಿಂದ ಕರೆತರುವ ಏರ್ಪಾಡು ಮಾಡಿದರೆ ಸಾಕು. ಯಕ್ಷಗಾನ ಪ್ರದರ್ಶನವಾದರೆ ಆಟ ಶುರುವಾಗುವ ಮುನ್ನ ಚೌಕಿಗೆ ಕರೆದೊಯ್ದು ಕಿರೀಟ, ಭುಜಕೀರ್ತಿ, ಗೆಜ್ಜೆಗಳನ್ನು ಮುಟ್ಟಿ ನೋಡಲು ಬಿಡಬಹುದು.

ಸಂಗೀತದ ವಿಷಯದಲ್ಲಿ ಕನ್ನಡ ನಾಡಿನ ಉದಾಹರಣೆ ದೊಡ್ಡದು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪಂಚಾಕ್ಷರ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಅಲ್ಲಿ ಕಲಿತ ಅಂಧ ಮಕ್ಕಳು ಸಂಗೀತದಿಂದಲೇ ಬದುಕು ಕಟ್ಟಿಕೊಂಡಿದ್ದಾರೆ. ಭಜನಾ ಮಂಡಳಿಗಳು ಅಂಧರನ್ನು ಕೇಳುಗರಾಗಿ ಮಾತ್ರ ಕೂರಿಸದೆ ಹಾರ್ಮೋನಿಯಂ, ತಬಲಾ ಕಡೆಗೂ ಕರೆಯಬೇಕು ಎಂಬುದು ಗದುಗಿನ ಪಾಠ.

ಸಿನಿಮಾ ‘ಕೇಳುವುದು’ ಹೇಗೆ?

ಸಂಭಾಷಣೆಗಳ ನಡುವಿನ ಬಿಡುವಿನಲ್ಲಿ ದೃಶ್ಯವನ್ನು ಮಾತಿನಲ್ಲಿ ವಿವರಿಸುವ ಧ್ವನಿಪಥಕ್ಕೆ ಆಡಿಯೊ ಡಿಸ್ಕ್ರಿಪ್ಷನ್ ಎನ್ನುತ್ತಾರೆ. ಪ್ರೇಕ್ಷಕರು ಮೊಬೈಲ್ ಆ್ಯಪ್ ಮತ್ತು ಇಯರ್‌ಫೋನ್ ಮೂಲಕ ಇದನ್ನು ಕೇಳಬಹುದು. ಪಕ್ಕದವರಿಗೆ ತೊಂದರೆಯಾಗುವುದಿಲ್ಲ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳು ದೃಷ್ಟಿದೋಷವುಳ್ಳವರಿಗೆ ಮತ್ತು ಶ್ರವಣದೋಷವುಳ್ಳವರಿಗೆ ತಲಾ ಒಂದಾದರೂ ಸೌಲಭ್ಯ ಕೊಡಬೇಕು. ಟಿಕೆಟ್ ಕೊಳ್ಳುವ ಮುನ್ನ ಆ ಚಿತ್ರಕ್ಕೆ ಧ್ವನಿ ವಿವರಣೆ ಇದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಹೀಗೆ ಕೇಳುವವರು ಹೆಚ್ಚಾದಷ್ಟೂ ಸೌಲಭ್ಯವೂ ಹೆಚ್ಚುತ್ತದೆ.

ಓದು: ಬ್ರೈಲ್ ಮತ್ತು ಧ್ವನಿ ಪುಸ್ತಕ

ಭಾರತೀಯ ಭಾಷೆಗಳಿಗೆಲ್ಲ ಒಂದೇ ಪದ್ಧತಿಯ ಭಾರತಿ ಬ್ರೈಲ್ ಇದೆ. ಕನ್ನಡದ ‘ಕ’ ಮತ್ತು ಮರಾಠಿಯ ‘ಕ’ ಎರಡಕ್ಕೂ ಚುಕ್ಕಿಗಳು ಒಂದೇ. ಆದ್ದರಿಂದ ಡೊಂಬಿವಲಿಯ ಕನ್ನಡ ಮನೆಯ ಮಗು ಮರಾಠಿ ಬ್ರೈಲ್ ಕಲಿತಿದ್ದರೆ ಕನ್ನಡ ಬ್ರೈಲ್‌ನ ಅಕ್ಷರಗಳನ್ನು ಬಹುಮಟ್ಟಿಗೆ ಕಲಿತಂತೆಯೇ. ಮರಾಠಿಯ ಬ್ರೈಲ್ ಪಾಕ್ಷಿಕ ‘ಸ್ಪರ್ಶಜ್ಞಾನ’ 2008ರಲ್ಲಿ ಆರಂಭವಾಯಿತು. 2016ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಮುದ್ರಿತ ಪುಸ್ತಕ ಓದಲಾಗದವರು ಸದಸ್ಯರಾಗಿ ಹಲವು ಭಾಷೆಗಳ ಪುಸ್ತಕ ಪಡೆಯಬಹುದು.

2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಅಂಗವಿಕಲರ ಬಳಕೆಗೆಂದೇ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಧ್ವನಿ ಅಥವಾ ಬ್ರೈಲ್ ರೂಪಕ್ಕೆ ತರಲು ಅವಕಾಶವಿದೆ. ಓದಲು ಬರುವ ಯಾರೇ ಆಗಲಿ ಫೋನ್‌ನಲ್ಲಿ ಕನ್ನಡ ಕಾದಂಬರಿಯೊಂದನ್ನು ಧ್ವನಿಮುದ್ರಿಸಿ ಪರಿಚಯದ ಅಂಧರಿಗೆ ಕೊಡಬಹುದು.

ಸಂಘಟಕರು ಗಮನಿಸಬೇಕಾದ್ದು

* ಆಮಂತ್ರಣವನ್ನು ಚಿತ್ರವಾಗಿ ಮಾತ್ರ ಕಳುಹಿಸಬೇಡಿ. ಅದೇ ವಿವರವನ್ನು ವಾಟ್ಸ್‌ಆ್ಯಪ್‌ನಲ್ಲಿ ಅಕ್ಷರದಲ್ಲೂ ಬರೆದರೆ ಫೋನ್ ಅದನ್ನು ಓದಿ ಹೇಳುತ್ತದೆ.
* ಕೈ ಹಿಡಿದು ಎಳೆಯಬೇಡಿ, ಬಿಳಿ ಕೋಲನ್ನು ಹಿಡಿಯಬೇಡಿ. ಅವರು ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ.
* ವೇದಿಕೆ, ಬಾಗಿಲು, ಶೌಚಾಲಯ ಎಲ್ಲಿದೆ ಎಂದು ಬಂದ ಕೂಡಲೇ ಹೇಳಿ.
* ಮಾತಾಡುವ ಮುನ್ನ ನಿಮ್ಮ ಹೆಸರು ಹೇಳಿ. ಎದ್ದು ಹೋಗುವಾಗಲೂ ತಿಳಿಸಿ.
* ಕಾರ್ಯಕ್ರಮ ಬೇಗ ಮುಗಿಸಿ. ರಾತ್ರಿಯ ಜನಸಂದಣಿಗೆ ಮೊದಲೇ ಅವರು ರೈಲು ಹತ್ತುವಂತಿರಲಿ.
* ಸಮಿತಿಯಲ್ಲಿ ಒಬ್ಬರಾದರೂ ದೃಷ್ಟಿದೋಷವುಳ್ಳವರಿರಲಿ.

ಹೊಸದಾಗಿ ದೃಷ್ಟಿ ಕಳೆದುಕೊಂಡವರು

ಹುಟ್ಟಿನಿಂದ ಅಂಧರಾದವರಿಗೆ ಶಾಲೆಯಿಂದಲೇ ಗೆಳೆಯರ ಬಳಗ ಇರುತ್ತದೆ. ನಲವತ್ತು, ಐವತ್ತರ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಆ ಬಳಗವೂ ಇಲ್ಲ, ಬ್ರೈಲ್ ಸಹ ಬಾರದು. ಇಂಥವರು ಮೊದಲು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಯುಡಿಐಡಿ ಕಾರ್ಡ್ ಪಡೆಯಬೇಕು. ನಂತರ ಬಿಳಿ ಕೋಲಿನ ಬಳಕೆ ಮತ್ತು ಮಾತನಾಡುವ ಫೋನ್ ಬಳಕೆಯ ತರಬೇತಿ ಪಡೆಯಬೇಕು. ಆದರೆ ಮನೆಯವರು ಅಲ್ಲಿಗೇ ನಿಲ್ಲಬಾರದು. ಮೊದಲು ಹೋಗುತ್ತಿದ್ದ ಭಜನೆ, ಯಕ್ಷಗಾನ, ಇಸ್ಪೀಟಿನ ಕೂಟಗಳಿಗೆ ಮತ್ತೆ ಕರೆದೊಯ್ಯಬೇಕು. ಬ್ರೈಲ್ ಗುರುತಿನ ಇಸ್ಪೀಟ್ ಎಲೆಗಳೂ ಸಿಗುತ್ತವೆ. ದೃಷ್ಟಿ ಹೋದ ಮೇಲೆ ಹಳೆಯ ಗೆಳೆಯರು ಏನು ಮಾತಾಡಬೇಕೆಂದು ತಿಳಿಯದೆ ದೂರ ಸರಿಯುವುದುಂಟು. ಮೊದಲು ಕರೆಯುತ್ತಿದ್ದ ಜಾಗಕ್ಕೇ ಮೊದಲಿನಂತೆಯೇ ಕರೆಯುವುದು ಅವರು ಮಾಡಬಹುದಾದ ದೊಡ್ಡ ಸಹಾಯ.