ನಕ್ಷೆ, ರಟ್ಟು, ಸೀರೆ: ದೊಡ್ಡಬಳ್ಳಾಪುರದ ನೇಯ್ಗೆ ವಿನ್ಯಾಸದ ದಾಖಲೆಗಳು

ಬಟ್ಟೆಯ ಬಗೆ, ಬಣ್ಣ, ಉಡುವ ಕಾಲ ಇವುಗಳನ್ನು ಗ್ರಂಥಕ್ಕಿಳಿಸುವ ಕೆಲಸ ಕನ್ನಡನಾಡಿನಲ್ಲಿ 12ನೇ ಶತಮಾನದಷ್ಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗ ಎಂಬ ಭಾಗವೇ ಇದೆ. ಯಾವ ಯಾವ ನಾಡಿನ ಬಟ್ಟೆ ಅರಮನೆಗೆ ಬರಬೇಕು, ಯಾವ ಋತುವಿಗೆ ಎಂಥದ್ದು ಒಪ್ಪುತ್ತದೆ ಎಂಬುದನ್ನು ಅಲ್ಲಿ ಹೇಳಲಾಗಿದೆ. ಅದು ಉಡುವವನ ಕಡೆಯಿಂದ ಬರೆದ ಗ್ರಂಥ. ನೇಯುವವನ ಕೈಯಲ್ಲಿ ವಿನ್ಯಾಸ ಹೇಗೆ ಹುಟ್ಟಿತು, ಎಲ್ಲಿ ಉಳಿಯಿತು ಎಂಬುದನ್ನು ತಿಳಿಯಬೇಕಾದರೆ ಅಚ್ಚಾದ ಪುಸ್ತಕಗಳ ಜೊತೆಗೆ ಚೌಕುಳಿ ಕಾಗದವನ್ನೂ ಮಗ್ಗದ ಮೇಲೆ ತೂಗುವ ರಟ್ಟಿನ ಮಾಲೆಯನ್ನೂ ಓದಬೇಕಾಗುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇಂಥ ಓದಿಗೆ ತಕ್ಕ ಊರು ದೊಡ್ಡಬಳ್ಳಾಪುರ.

ಅರ್ಕಾವತಿ ಹರಿಯುವ ಬಯಲಿನಲ್ಲಿ, ಬೆಂಗಳೂರಿನಿಂದ ಹಿಂದೂಪುರದ ದಾರಿಯಲ್ಲಿ ಸುಮಾರು 40 ಕಿಲೋಮೀಟರ್ ದೂರದಲ್ಲಿ ಈ ಊರಿದೆ. ಮೊಗಲರ ಕಾಲದಲ್ಲಿ ಇದು ಸಿರಾ ಸುಬಾಕ್ಕೆ ಸೇರಿತ್ತು; 1761ರಲ್ಲಿ ಹೈದರಾಲಿಯ ವಶವಾಯಿತು. ದೇವಾಂಗ, ಪದ್ಮಶಾಲಿ, ತೊಗಟವೀರ ಮುಂತಾದ ನೇಕಾರ ಸಮುದಾಯಗಳು ಇಲ್ಲಿ ನೆಲೆಸಿವೆ. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವ ಕುಟುಂಬಗಳೂ ಇವುಗಳಲ್ಲಿ ಬಹಳ. ಕಚ್ಚಾ ಮಾಲಿನ ಮಟ್ಟಿಗೆ ಊರು ಅನುಕೂಲದ ಜಾಗದಲ್ಲಿದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ, ಅದರಾಚೆಯ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗಳಿವೆ. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಊರುಗಳಲ್ಲಿ ನೂಲು ಬಿಚ್ಚುವ ಕೆಲಸ. ಜರಿ ಮಾತ್ರ ದೂರದ ಸೂರತ್ತಿನಿಂದ ಬರುತ್ತದೆ.

ಈ ಪ್ರದೇಶದ ಬಟ್ಟೆಯ ಕುರಿತ ವಿವರವಾದ ಮುದ್ರಿತ ಬರಹಗಳಲ್ಲಿ ಫ್ರಾನ್ಸಿಸ್ ಬುಕನನ್‌ನದು ಮುಖ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೊಸದಾಗಿ ಬಂದ ಸೀಮೆಯ ಕೃಷಿ, ಕಸುಬು, ವ್ಯಾಪಾರಗಳನ್ನು ತಿಳಿದು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ. 1800ರಲ್ಲಿ ಮದ್ರಾಸಿನಿಂದ ಹೊರಟು ಬೆಂಗಳೂರು, ದೊಡ್ಡಬಳ್ಳಾಪುರಗಳನ್ನು ಹಾದ ಬುಕನನ್‌ನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಬೆಂಗಳೂರಿನ ಪಟ್ಟೆಗಾರರು, ಖತ್ರಿಗಳು, ದೇವಾಂಗರು ಏನೇನು ನೇಯುತ್ತಾರೆ, ಯಾವ ಕೂಲಿ ಪಡೆಯುತ್ತಾರೆ, ರೇಷ್ಮೆಗೆ ಬಣ್ಣ ಹಾಕಲು ಅರಗು, ನೀಲಿಗಳನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಅವನು ಕೇಳಿ ಕೇಳಿ ಬರೆದುಕೊಂಡ. ಬಣ್ಣದ ಬಗ್ಗೆ ಇಷ್ಟು ಕಾಳಜಿ ವಹಿಸಿದವನು ಅಂಚು, ಸೆರಗುಗಳ ಆಕೃತಿಯ ಬಗ್ಗೆ ಅಷ್ಟು ಬರೆಯಲಿಲ್ಲ. ಕಂಪನಿಗೆ ಬೇಕಿದ್ದದ್ದು ಸರಕಿನ ಲೆಕ್ಕ. ಹಾಗಿದ್ದರೂ ಆ ಕಾಲದ ನೇಕಾರರ ಬದುಕಿಗೆ ಇಷ್ಟು ಹತ್ತಿರದಿಂದ ಬರೆದ ದಾಖಲೆಗಳು ವಿರಳ. ಇಂದಿಗೂ ಮೈಸೂರು ಸೀಮೆಯ ನೇಯ್ಗೆಯ ಮೇಲೆ ಕೆಲಸ ಮಾಡುವವರು ಅಲ್ಲಿಂದಲೇ ಶುರು ಮಾಡಬೇಕಾಗುತ್ತದೆ.

ಆರು ದಶಕಗಳ ನಂತರ ಬಟ್ಟೆಯೇ ಪುಸ್ತಕವಾಯಿತು. ಲಂಡನ್ನಿನ ಇಂಡಿಯಾ ಮ್ಯೂಸಿಯಂನಲ್ಲಿದ್ದ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಬೇರೆ ಬೇರೆ ಕಡೆಯಿಂದ ಬಂದ ಬಟ್ಟೆಗಳನ್ನು ಕತ್ತರಿಸಿ, 700 ಮಾದರಿಗಳನ್ನು 18 ಸಂಪುಟಗಳಲ್ಲಿ ಅಂಟಿಸಿ 1866ರಲ್ಲಿ ಸಿದ್ಧಪಡಿಸಿದ. ಇಂಥ 20 ಸೆಟ್‌ಗಳಲ್ಲಿ 13 ಬ್ರಿಟನ್ನಿನ ಕೈಗಾರಿಕಾ ನಗರಗಳಿಗೆ, 7 ಭಾರತಕ್ಕೆ ಹಂಚಿಕೆಯಾದವು. ತುಂಡಿನ ಪಕ್ಕದಲ್ಲಿ ಅದು ಬಂದ ಊರು, ಪೂರ್ತಿ ಬಟ್ಟೆಯ ಉದ್ದಗಲ, ತೂಕ, ಬೆಲೆಗಳ ವಿವರ. ಭಾರತದವರು ಏನು ಉಡುತ್ತಾರೆ, ಹೇಗೆ ಉಡುತ್ತಾರೆ ಎಂದು ತಿಳಿದರೆ ಮ್ಯಾಂಚೆಸ್ಟರಿನ ಗಿರಣಿಗಳು ಅದನ್ನೇ ನೇಯ್ದು ಇಲ್ಲಿಗೆ ಮಾರಬಹುದು ಎಂಬುದು ಅದರ ಉದ್ದೇಶ. ಸೀರೆಗೂ ಪಂಚೆಗೂ ಎರಡು ತುದಿ, ಎರಡು ಅಂಚು ಇರುವುದು ಏಕೆ ಮುಖ್ಯ ಎಂಬುದನ್ನು ಫೋರ್ಬ್ಸ್ ವಾಟ್ಸನ್ ಬಹಳ ಚೆನ್ನಾಗಿ ಅರಿತಿದ್ದ. ಹೊಲಿಗೆಯಿಲ್ಲದ ಉಡುಗೆಯಲ್ಲಿ ಅಲಂಕಾರವೆಲ್ಲ ಮಗ್ಗದ ಮೇಲೆಯೇ ಮುಗಿದಿರಬೇಕು, ಗಜದ ಲೆಕ್ಕದಲ್ಲಿ ಕತ್ತರಿಸುವ ಗಿರಣಿ ಬಟ್ಟೆಗೆ ಅದು ಸುಲಭವಲ್ಲ. ನೇಕಾರನ ಜಾಣ್ಮೆಯನ್ನು ಇಷ್ಟು ಸರಿಯಾಗಿ ಗುರುತಿಸಿದ ಪುಸ್ತಕವೇ ಅವನ ಮಾರುಕಟ್ಟೆಯನ್ನು ಕಸಿಯಲು ತಯಾರಾದದ್ದು ನೋವಿನ ಸಂಗತಿ.

ನೇಕಾರನ ಹತ್ತಿರ ಆ ಕಾಲದಲ್ಲಿ ಪುಸ್ತಕವಿರಲಿಲ್ಲ. ಕುಣಿಮಗ್ಗದಲ್ಲಿ ವಿನ್ಯಾಸ ಉಳಿಯುತ್ತಿದ್ದುದು ಕಟ್ಟಿದ ದಾರಗಳಲ್ಲಿ. ಅಂಚಿನಲ್ಲಿ ಹಂಸವೋ ಮಾವಿನಕಾಯಿಯೋ ಬರಬೇಕಾದರೆ, ಪ್ರತಿ ಹೊಕ್ಕಿಗೂ (ಅಡ್ಡ ಎಳೆಗೂ) ಯಾವ ಯಾವ ಹಾಸಿನ (ಉದ್ದದ) ಎಳೆ ಮೇಲೇಳಬೇಕು ಎಂಬುದನ್ನು ಮೊದಲೇ ಗಂಟು ಹಾಕಿ ಮಗ್ಗದ ಮೇಲೆ ಕಟ್ಟಿಡುತ್ತಿದ್ದರು. ಪಕ್ಕದಲ್ಲಿ ಕೂತ ಹುಡುಗನೊಬ್ಬ ಸರದಿಯಂತೆ ದಾರ ಎಳೆದರೆ ನೇಕಾರ ಲಾಳಿ ಹಾಯಿಸುತ್ತಿದ್ದ. ಆ ಕಟ್ಟು ಬಿಚ್ಚಿದರೆ ವಿನ್ಯಾಸವೂ ಹೋಯಿತು. ಆದ್ದರಿಂದ ಒಮ್ಮೆ ಕಟ್ಟಿದ್ದನ್ನು ವರ್ಷಗಟ್ಟಲೆ ಬದಲಿಸುತ್ತಿರಲಿಲ್ಲ. ಹಳೆಯ ಸೀರೆಗಳಲ್ಲಿ ಒಂದು ಊರಿಗೆ ಒಂದು ಅಂಚು ಎಂಬಷ್ಟು ಸ್ಥಿರತೆ ಕಾಣುವುದಕ್ಕೆ ಸಂಪ್ರದಾಯದ ಜೊತೆಗೆ ಈ ಕಷ್ಟವೂ ಕಾರಣ.

ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಯಂತ್ರ ಈ ಕಟ್ಟನ್ನು ತೂತು ಹೊಡೆದ ರಟ್ಟಿಗೆ ವರ್ಗಾಯಿಸಿತು. ಒಂದು ಹೊಕ್ಕಿಗೆ ಒಂದು ರಟ್ಟಿನ ಕಾರ್ಡು. ತೂತಿರುವ ಕಡೆ ಸೂಜಿ ಒಳಹೊಕ್ಕು ಅದಕ್ಕೆ ಸೇರಿದ ಕೊಕ್ಕೆ ಎಳೆಯನ್ನು ಎತ್ತುತ್ತದೆ, ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಕಾರ್ಡಿನ ಮಾಲೆ ಇಳಿಸಿ ಬೇರೊಂದನ್ನು ಏರಿಸಿದರೆ ಅದೇ ಮಗ್ಗದಲ್ಲಿ ಬೇರೆ ಅಂಚು. 1886-87ರಲ್ಲಿ ಇದೇ ಲಿಯಾನ್‌ನಲ್ಲಿ ಒಂದು ಪ್ರಾರ್ಥನಾ ಪುಸ್ತಕವನ್ನು ಅಕ್ಷರ, ಚಿತ್ರಗಳ ಸಮೇತ ಪೂರ್ತಿ ರೇಷ್ಮೆಯಲ್ಲಿ ನೇಯ್ದರು. ನೇಯ್ಗೆಗೂ ಪುಸ್ತಕಕ್ಕೂ ಇರುವ ನಂಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಾರದು.

ಮೈಸೂರು ಸಂಸ್ಥಾನದಲ್ಲಿ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್ಲೆಂಡಿನ ಮಗ್ಗಗಳನ್ನು ತರಿಸಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರು ಮಾಡಿದ್ದು ಯಂತ್ರದ ನೇಯ್ಗೆಗೆ ದೊಡ್ಡ ತಿರುವು. ದೊಡ್ಡಬಳ್ಳಾಪುರದಂಥ ಊರುಗಳ ಮನೆಮಗ್ಗಗಳು ಬದಲಾದದ್ದು ನಿಧಾನವಾಗಿ. ಎಳೆದು ಬಿಡುವ ಲಾಳಿ ಬಂತು, ಜಕಾರ್ಡ್ ಬಂತು, ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ವಿದ್ಯುತ್ ಮಗ್ಗ ಬಂತು. ಇವತ್ತು ಊರಿನಲ್ಲಿರುವ ಸಾವಿರಾರು ಮಗ್ಗಗಳಲ್ಲಿ ಬಹುಪಾಲು ವಿದ್ಯುತ್ತಿನವೇ. ಅವುಗಳಲ್ಲಿ ಅಪ್ಪಟ ರೇಷ್ಮೆ ಸೀರೆಯೂ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಸೀರೆಯೂ ತಯಾರಾಗುತ್ತವೆ.

ಜಕಾರ್ಡ್ ಜೊತೆಗೆ ಹೊಸ ಕಸುಬೊಂದು ಹುಟ್ಟಿತು: ನಕ್ಷೆ ಬರೆಯುವುದು. ಡಿಸೈನರ್ ಮೊದಲು ಬಿಳಿ ಕಾಗದದಲ್ಲಿ ನವಿಲು, ಬಳ್ಳಿ, ಗೋಪುರದ ಅಂಚು ಬಿಡಿಸಿಕೊಂಡು, ಆಮೇಲೆ ಅದನ್ನು ಗ್ರಾಫ್ ಕಾಗದಕ್ಕೆ ಇಳಿಸುತ್ತಾನೆ. ಅಡ್ಡಸಾಲಿನ ಒಂದೊಂದು ಮನೆ ಒಂದು ಕೊಕ್ಕೆ, ಒಂದು ಪೂರ್ತಿ ಸಾಲು ಒಂದು ಹೊಕ್ಕು. ಬಣ್ಣ ತುಂಬಿದ ಮನೆಯೆಂದರೆ ಎಳೆ ಏಳಬೇಕು ಎಂದರ್ಥ. ಇಲ್ಲಿ ದುಂಡಗಿನ ಗೆರೆ ಎಂಬುದೇ ಇಲ್ಲ. ನವಿಲಿನ ಕತ್ತು ಮೆಟ್ಟಿಲು ಮೆಟ್ಟಿಲಾಗಿ ಬಾಗಬೇಕು, ಬಟ್ಟೆಯಲ್ಲಿ ಮಾತ್ರ ನುಣುಪಾಗಿ ಕಾಣಬೇಕು. ಅಂಗುಲಕ್ಕೆ ಎಷ್ಟು ಹಾಸು, ಎಷ್ಟು ಹೊಕ್ಕು ಎಂಬುದರ ಮೇಲೆ ಗ್ರಾಫಿನ ಮನೆಯ ಉದ್ದಗಲ ನಿಲ್ಲುತ್ತದೆ. ಈ ಲೆಕ್ಕ ತಪ್ಪಿದರೆ ಕಾಗದದ ಮೇಲೆ ಚೆಂದವಿದ್ದ ಆನೆ ಸೀರೆಯಲ್ಲಿ ಚಪ್ಪಟೆಯಾಗಿಯೋ ಉದ್ದವಾಗಿಯೋ ಬರುತ್ತದೆ. ಇನ್ನೊಂದು ಎಚ್ಚರ ಜರಿಯದು. ಜರಿ ಎಳೆ ಬಹಳ ದೂರ ಹಿಡಿತವಿಲ್ಲದೆ ತೇಲಿದರೆ ಬಳೆಗೋ ಉಗುರಿಗೋ ಸಿಕ್ಕಿ ಎದ್ದುಬರುತ್ತದೆ. ಅದಕ್ಕಾಗಿ ತುಂಬಿದ ಜಾಗದ ನಡುನಡುವೆ ಚುಕ್ಕೆಗಳನ್ನು ಬಿಟ್ಟು ಎಳೆಯನ್ನು ಬಟ್ಟೆಗೆ ಕಟ್ಟಿಹಾಕಬೇಕು. ಒಳ್ಳೆಯ ಕೈಯಲ್ಲಿ ಈ ಚುಕ್ಕೆಗಳೇ ಎಲೆಯ ನರವಾಗಿ, ಗರಿಯ ಕಣ್ಣಾಗಿ ಅಲಂಕಾರದ ಭಾಗವಾಗುತ್ತವೆ. ನಕ್ಷೆಗಾರನ ಕಲೆ ಗೊತ್ತಾಗುವುದು ಇಲ್ಲೇ.

ಗ್ರಾಫ್ ಮುಗಿದ ಮೇಲೆ ಪಂಚಿಂಗ್. ಪಿಯಾನೋ ಮಾದರಿಯ ಯಂತ್ರದ ಮುಂದೆ ಕೂತವನು ಗ್ರಾಫಿನ ಸಾಲನ್ನು ಓದುತ್ತ, ಬೆರಳುಗಳಿಂದ ಕೀಲಿ ಒತ್ತಿ, ಕಾಲಿನಿಂದ ತುಳಿದು ರಟ್ಟಿಗೆ ತೂತು ಹೊಡೆಯುತ್ತಾನೆ. ಆಮೇಲೆ ಕಾರ್ಡುಗಳಿಗೆ ನಂಬರ್ ಹಾಕಿ, ದಾರದಿಂದ ಒಂದಕ್ಕೊಂದು ಹೊಲಿದು ಮಾಲೆ ಮಾಡುತ್ತಾರೆ. ಅಂಗುಲಕ್ಕೆ 60 ಹೊಕ್ಕಿನ ಬಟ್ಟೆಯಲ್ಲಿ 6 ಅಂಗುಲಕ್ಕೊಮ್ಮೆ ಮರುಕಳಿಸುವ ಅಂಚಿಗೆ 360 ಕಾರ್ಡು ಬೇಕು. ಆಕೃತಿ ಮರುಕಳಿಸದ 40 ಅಂಗುಲದ ಸೆರಗಿಗಾದರೆ 2,400. ಮೇಲರ್ಧ, ಕೆಳಗರ್ಧ ಕನ್ನಡಿಯ ಬಿಂಬದಂತೆ ಒಂದೇ ತೆರನಾಗಿದ್ದರೆ ಅರ್ಧ ಮಾಲೆ ಸಾಕು, ಅದನ್ನೇ ಹಿಂದಕ್ಕೆ ತಿರುಗಿಸಿ ಓಡಿಸಬಹುದು. ಕಾರ್ಡಿನ ಖರ್ಚು ಉಳಿಸುವ ಈ ಉಪಾಯದಿಂದಲೇ ಎದುರುಬದುರು ನಿಂತ ಹಂಸಗಳು, ಮೇಲೆ ಕೆಳಗೆ ಒಂದೇ ಆಗಿರುವ ಹೂಗಳು ಜಕಾರ್ಡ್ ಸೀರೆಗಳಲ್ಲಿ ಅಷ್ಟು ಹೆಚ್ಚಾದವು. ಸೌಂದರ್ಯದ ಎಷ್ಟೋ ರೂಢಿಗಳು ಹೀಗೆ ಲೆಕ್ಕಾಚಾರದಿಂದ ಬಂದಿವೆ.

ಸರ್ಕಾರದ ಕಡೆಯಿಂದಲೂ ವಿನ್ಯಾಸಕ್ಕೆ ನೆರವು ಸಿಕ್ಕಿತು. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ಸ್ಥಾಪನೆಯಾಯಿತು. ನಂತರದ ವರ್ಷಗಳಲ್ಲಿ ಪುಪುಲ್ ಜಯಕರ್ ಅವರ ಮುಂದಾಳತ್ವದಲ್ಲಿ ನೇಕಾರರ ಸೇವಾ ಕೇಂದ್ರಗಳು ತೆರೆದವು. ಕೆ.ಜಿ. ಸುಬ್ರಮಣ್ಯನ್ ಅವರಂಥ ಚಿತ್ರಕಲಾವಿದರೇ ಅಲ್ಲಿ ಕೆಲಸ ಮಾಡಿದರು. ಹಳೆಯ ಮಾದರಿಗಳನ್ನು ಕೂಡಿಸಿ, ಹೊಸ ನಕ್ಷೆ ಬರೆದು ನೇಕಾರರಿಗೆ ಒದಗಿಸುವುದು ಈ ಕೇಂದ್ರಗಳ ಕೆಲಸ, ಬೆಂಗಳೂರಿನಲ್ಲೂ ಒಂದಿದೆ. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂತು, ಅದರ ಬಟ್ಟೆಗಳು ‘ಪ್ರಿಯದರ್ಶಿನಿ’ ಮಳಿಗೆಗಳಲ್ಲಿ ಮಾರಾಟವಾದವು. ಈ ಎಲ್ಲ ಪ್ರಯತ್ನದ ಗಮನ ಕೈಮಗ್ಗದ ಮೇಲೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೈಮಗ್ಗಕ್ಕೂ ವಿದ್ಯುತ್ ಮಗ್ಗಕ್ಕೂ ನಡುವಿನ ಗೆರೆಯನ್ನು ಕಾನೂನಿನಲ್ಲೇ ಎಳೆಯಿತು. ಅದರಡಿಯ ಆದೇಶದಂತೆ ಹೆಚ್ಚುವರಿ ಹಾಸು ಅಥವಾ ಹೆಚ್ಚುವರಿ ಹೊಕ್ಕಿನಿಂದ ವಿನ್ಯಾಸ ಮೂಡಿಸಿದ ಸೀರೆಗಳು ಕೈಮಗ್ಗಕ್ಕೆ ಮೀಸಲಾದವು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಕೈಮಗ್ಗದವರ ಅನ್ನ ಉಳಿಸಲು ಅದು ಬೇಕಾಗಿದ್ದ ರಕ್ಷಣೆ. ಆದರೆ ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಬದಲಾಗಿದ್ದ ಊರುಗಳ ನೇಕಾರರೂ ಅದೇ ಸಮುದಾಯದವರು, ಅದೇ ನಕ್ಷೆಯನ್ನು ಕಲಿತವರು.

ವಿನ್ಯಾಸದ ಮುದ್ರಿತ ಪುಸ್ತಕಗಳಲ್ಲೂ ಕೈಮಗ್ಗದ ಕಡೆಗಿನ ಈ ಒಲವೇ ಕಾಣುತ್ತದೆ. ಲಿಂಡಾ ಲಿಂಟನ್ ಅವರ ‘ದಿ ಸಾರಿ’ 1995ರಲ್ಲಿ, ಋತಾ ಕಪೂರ್ ಚಿಶ್ತಿ ಅವರ ‘ಸಾರೀಸ್: ಟ್ರೆಡಿಷನ್ ಅಂಡ್ ಬಿಯಾಂಡ್’ 2010ರಲ್ಲಿ ಬಂದವು. ಪ್ರದೇಶವಾರು ಸೀರೆಗಳ ಅಳತೆ, ನೇಯ್ಗೆ, ಉಡುವ ರೀತಿಗಳನ್ನು ದಾಖಲಿಸಿದ ಶ್ರಮದ ಕೃತಿಗಳಿವು. ಇಂಥ ಪುಸ್ತಕಗಳಲ್ಲಿ ಕರ್ನಾಟಕ ಎಂದರೆ ಮೊದಲು ಇಳಕಲ್. ಅದು ಸಹಜವೂ ಹೌದು: ಟೋಪಿ ತೆನಿ ಸೆರಗು, ಗೋಮಿ, ಚಿಕ್ಕಿ ಪರಾಸ್ ಎಂದು ಅಲ್ಲಿನ ಸೆರಗು, ಅಂಚುಗಳಿಗೆ ಹೆಸರಿದೆ, ಹೆಸರಿಗೆ ತಕ್ಕ ರೂಪವೂ ಸ್ಥಿರವಾಗಿದೆ. ಮೈಸೂರು ಸಿಲ್ಕ್ 2005ರಲ್ಲಿ ಭೌಗೋಳಿಕ ಸೂಚಿಕೆ ಪಡೆಯಿತು. ದೊಡ್ಡಬಳ್ಳಾಪುರದ ಅಂಚಾದರೋ ಪೇಟೆಯ ಬೇಡಿಕೆಗೆ ತಕ್ಕಂತೆ ಹಬ್ಬದಿಂದ ಹಬ್ಬಕ್ಕೆ, ಮದುವೆ ಕಾಲದಿಂದ ಮದುವೆ ಕಾಲಕ್ಕೆ ಬದಲಾಗುವಂಥದ್ದು. ಅದನ್ನು ಒಂದು ಹೆಸರಿನಡಿ ಹಿಡಿದಿಡುವುದು ಕಷ್ಟ. ಆದರೂ ದುಬಾರಿ ಸೀರೆ ಕೊಳ್ಳಲಾಗದ ಮನೆಗಳ ಮದುವೆ, ನಾಮಕರಣಗಳಲ್ಲಿ ಹೆಣ್ಣುಮಕ್ಕಳು ಉಟ್ಟದ್ದು ಇಂಥ ಊರುಗಳ ಸೀರೆಯನ್ನೇ. ಒಂದು ಕಾಲದ ಜನರ ಕಣ್ಣಿಗೆ ಏನು ಚೆಂದ ಕಂಡಿತು ಎಂಬುದನ್ನು ಬರೆಯುವವರು ಇದನ್ನು ಬಿಟ್ಟರೆ ಬರಹ ಅರ್ಧವಾಗುತ್ತದೆ.

ರಟ್ಟಿನ ಕಾಲ ಈಗ ಮುಗಿಯುತ್ತ ಬಂದಿದೆ. 1983ರಲ್ಲಿ ಮಿಲಾನ್‌ನ ಯಂತ್ರ ಪ್ರದರ್ಶನದಲ್ಲಿ ಬ್ರಿಟನ್ನಿನ ಬೋನಾಸ್ ಕಂಪನಿ ಮೊದಲ ಎಲೆಕ್ಟ್ರಾನಿಕ್ ಜಕಾರ್ಡನ್ನು ತೋರಿಸಿತು. ಅದರ ಪೀಳಿಗೆಯ ಯಂತ್ರಗಳು ಭಾರತದ ನೇಯ್ಗೆ ಊರುಗಳಿಗೂ ಬಂದವು. ಕಂಪ್ಯೂಟರಿನಲ್ಲಿ ಬಿಡಿಸಿದ ನಕ್ಷೆ ಪೆನ್ ಡ್ರೈವ್‌ನಲ್ಲಿ ಮಗ್ಗಕ್ಕೆ ಹೋಗುತ್ತದೆ. ಸೆರಗು ಎಷ್ಟು ಉದ್ದವಿದ್ದರೂ ಕಾರ್ಡಿನ ಖರ್ಚಿಲ್ಲ, ಅರ್ಧ ಮಾಲೆ ತಿರುಗಿಸುವ ಉಪಾಯವೂ ಬೇಕಿಲ್ಲ. ಜೊತೆಗೆ ನಕಲು ಕೂಡ ಸುಲಭವಾಯಿತು. ಒಂದು ಸೀರೆಯ ಫೋಟೋ ಸಿಕ್ಕರೆ ಅದೇ ಅಂಚನ್ನು ಸೂರತ್ತಿನ ವೇಗದ ಮಗ್ಗಗಳು ಅಗ್ಗದ ನೂಲಿನಲ್ಲಿ ನೇಯಬಲ್ಲವು. 2000ನೇ ಇಸವಿಯ ವಿನ್ಯಾಸ ಕಾಯ್ದೆಯಂತೆ ಹೊಸ ವಿನ್ಯಾಸವನ್ನು ನೋಂದಾಯಿಸಿದರೆ ಮೊದಲು 10 ವರ್ಷ, ಬಳಿಕ ಇನ್ನೂ 5 ವರ್ಷ ಹಕ್ಕು ಸಿಗುತ್ತದೆ. ಆದರೆ ಒಂದು ಹಬ್ಬಕ್ಕಷ್ಟೇ ಓಡುವ ಅಂಚಿಗೆ ಅರ್ಜಿ ಹಾಕಿ ಕಾಯುವ ಪುರುಸೊತ್ತು ನಾಲ್ಕು ಮಗ್ಗದ ಮನೆಗೆ ಇರುವುದಿಲ್ಲ.

ಕೈಯಲ್ಲಿ ಬಣ್ಣ ತುಂಬಿದ ಗ್ರಾಫ್ ಹಾಳೆಗಳು, ನಂಬರ್ ಹಾಕಿದ ಕಾರ್ಡಿನ ಮಾಲೆಗಳು ನೇಕಾರರ ಕಡೆಯಿಂದ ಉಳಿದ ವಿನ್ಯಾಸ ಗ್ರಂಥಗಳು. ಅವನ್ನು ಕೂಡಿಸಿ, ಯಾವ ನಕ್ಷೆ ಯಾವ ವರ್ಷ ಓಡಿತು, ಬರೆದವರು ಯಾರು ಎಂದು ದಾಖಲಿಸುವ ಕೆಲಸ ಆಗಬೇಕು. ಪಂಚಿಂಗ್ ಬಲ್ಲ ಹಿರಿಯರು ಇರುವಾಗಲೇ ಆಗಬೇಕು. ಒಂದು ಮಾಲೆಯ ಕಾರ್ಡುಗಳೆಲ್ಲ ಸರದಿಯಲ್ಲಿದ್ದರೆ ತೂತುಗಳನ್ನು ಸಾಲು ಸಾಲಾಗಿ ಚೌಕುಳಿ ಕಾಗದಕ್ಕೆ ಎತ್ತಿಕೊಂಡು ಮೂಲ ನಕ್ಷೆಯನ್ನು ಮತ್ತೆ ಬರೆಯಬಹುದು.