ಮನೋವೈದ್ಯದಲ್ಲಿ ರೋಗಿಯ ಔಷಧಿ ಬೇಡಿಕೆ

ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುವವರು ತಮಗೆ ಇಂಥ ಮಾತ್ರೆ ಬೇಕೆಂದು ತಾವೇ ವೈದ್ಯರನ್ನು ಕೇಳುವ ರೂಢಿ. ಇದರ ಇತಿಹಾಸ ನಿಚ್ಚಳವಾಗಿ ಕಾಣುವುದು ಅಮೆರಿಕದಲ್ಲಿ. ಅನೇಕ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 1951ರ ಡರ್ಹಮ್–ಹಂಫ್ರಿ ತಿದ್ದುಪಡಿ ವಿಧಿಸಿದ ಮೇಲೆ, ಮಾತ್ರೆ ಬೇಕಾದವರು ವೈದ್ಯರ ಮುಂದೆಯೇ ಬಾಯಿ ಬಿಡಬೇಕಾಯಿತು. 1955ರಲ್ಲಿ ಮಿಲ್‌ಟೌನ್ ಎಂಬ ಶಮನಕಾರಿ ಬಂದಾಗ ಜನ ಅದನ್ನು ಹೆಸರು ಹಿಡಿದೇ ಕೇಳಿದರು. ದಾಸ್ತಾನು ಮುಗಿದಿದೆ ಎಂಬ ಫಲಕಗಳು ಔಷಧಿ ಅಂಗಡಿಗಳಲ್ಲಿ ತೂಗಿದವು. 1963ರಲ್ಲಿ ಇನ್ನೊಂದು ಶಮನಕಾರಿ ವ್ಯಾಲಿಯಂ ಬಂತು, 1987ರ ಕೊನೆಯಲ್ಲಿ ಖಿನ್ನತೆಯ ಮಾತ್ರೆ ಪ್ರೊಝಾಕ್‌ಗೆ ಅನುಮತಿ ಸಿಕ್ಕಿತು. 1997ರಲ್ಲಿ ಟಿ.ವಿ. ಜಾಹೀರಾತಿನ ಕಟ್ಟುಪಾಡು ಸಡಿಲವಾದ ಮೇಲಂತೂ ಔಷಧಿಯ ಹೆಸರು ಮನೆಮನೆಗೆ ತಲುಪಿತು.

ಕೇಳಿದ್ದರ ಫಲವೇನು? ರಿಚರ್ಡ್ ಕ್ರಾವಿಟ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಳೆಯಿತು. ತರಬೇತಿ ಪಡೆದ ನಟಿಯರು ರೋಗಿಗಳಂತೆ 152 ವೈದ್ಯರ ಬಳಿಗೆ ಹೋದರು. ತೀವ್ರ ಖಿನ್ನತೆಯ ಲಕ್ಷಣ ಹೇಳಿ ಏನನ್ನೂ ಕೇಳದೆ ಕುಳಿತವರಲ್ಲಿ ಖಿನ್ನತೆಯ ಮಾತ್ರೆ ಸಿಕ್ಕಿದ್ದು ಶೇ. 31 ಮಂದಿಗೆ, ಪ್ಯಾಕ್ಸಿಲ್ ಎಂಬ ಬ್ರಾಂಡನ್ನೇ ಹೆಸರಿಸಿದವರಲ್ಲಿ ಶೇ. 53, ಹೆಸರಿಲ್ಲದೆ ಯಾವುದಾದರೂ ಔಷಧಿ ಕೊಡಿ ಎಂದವರಲ್ಲಿ ಶೇ. 76. ಬದುಕಿನ ಪೆಟ್ಟಿಗೆ ತಾತ್ಕಾಲಿಕವಾಗಿ ಕುಗ್ಗಿದವರ ಪಾತ್ರದಲ್ಲಿ, ಅಂದರೆ ಮಾತ್ರೆಯ ಅಗತ್ಯದ ಬಗ್ಗೆಯೇ ಅನುಮಾನವಿದ್ದಲ್ಲಿ, ಹೆಸರಿಸಿದವರ ಪಾಲು ಶೇ. 55, ಸುಮ್ಮನಿದ್ದವರದು ಶೇ. 10. ಎರಡನೆಯ ಜೋಡಿ ಅಂಕಿಯನ್ನು ಎತ್ತಿ ಜಾಹೀರಾತನ್ನು ದೂರುವುದು ನ್ಯಾಯವೇ. ಆದರೆ ಮೊದಲ ಅಂಕಿ ಅದಕ್ಕಿಂತ ಕಳವಳ ಹುಟ್ಟಿಸುತ್ತದೆ: ನಿಜಕ್ಕೂ ನರಳುವವರು ಬಾಯಿ ಬಿಡದಿದ್ದರೆ ಬಹುಪಾಲು ಬರಿಗೈಲಿ ಮರಳಬೇಕು. ಖಿನ್ನತೆ ಮೊದಲು ಕಸಿಯುವುದು ಕೇಳುವ ಶಕ್ತಿಯನ್ನೇ.

ಜಾಹೀರಾತಿಗೆ ಸಂಬಂಧವಿಲ್ಲದ ಬೇಡಿಕೆಯೂ ಇದೆ. ಹಿಂದೆ ಯಾವ ಮಾತ್ರೆ ಹಿಡಿಸಿತು, ಯಾವುದು ಕೈ ನಡುಗಿಸಿತು, ಯಾವುದು ಹಗಲೆಲ್ಲ ಮಂಪರು ತಂದಿತು ಎಂಬುದನ್ನು ನುಂಗಿದವರೇ ಬಲ್ಲರು. ಈ ಅರಿವಿಗೆ ಕಾನೂನಿನ ಬಲ ಬಂದದ್ದು ತಡವಾಗಿ. ಕಾಯಿಲೆ ಉಲ್ಬಣಿಸುವ ಮೊದಲೇ ತನ್ನ ಇಚ್ಛೆ ಬರೆದಿಡುವ ವಿಚಾರವನ್ನು ಮನೋವೈದ್ಯ ಥಾಮಸ್ ಸಾಸ್ 1982ರಲ್ಲೇ ಮುಂದಿಟ್ಟಿದ್ದರು.

ಭಾರತದಲ್ಲಿ ಈ ಬೇಡಿಕೆ ಎಷ್ಟೋ ಸಲ ವೈದ್ಯರನ್ನು ದಾಟಿ ಮೆಡಿಕಲ್ ಶಾಪಿನ ಮುಂದೆ ನಿಲ್ಲುತ್ತದೆ: ಹಳೆಯ ಚೀಟಿ ತೋರಿಸಿ ನಿದ್ದೆ ಮಾತ್ರೆ ಕೇಳುವುದು. ಔಷಧಿ ನಿಯಮಗಳಲ್ಲಿ 2013ರಲ್ಲಿ ರೂಪಿಸಿದ ಎಚ್‌1 ಅನುಸೂಚಿ ಅಲ್ಪ್ರಾಜೊಲಾಂ, ಡಯಾಜೆಪಾಂ ಮೊದಲಾದ ಶಮನಕಾರಿಗಳ ಮಾರಾಟವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕೆಂದಿತು. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ರೋಗಿಗೆ ಮುಂಗಡ ನಿರ್ದೇಶನದ ಹಕ್ಕು ಕೊಟ್ಟಿತು. ಹೇಗೆ ಚಿಕಿತ್ಸೆ ಬೇಕು, ಹೇಗೆ ಬೇಡ ಎಂದು ಅದರಲ್ಲಿ ಬರೆಯಬಹುದು. ತುರ್ತು ಚಿಕಿತ್ಸೆಗೆ ಅದು ಅನ್ವಯಿಸದು. ಉಳಿದ ಸಂದರ್ಭಗಳಲ್ಲಿ ಅದನ್ನು ಪಾಲಿಸಲು ಮನಸ್ಸಿಲ್ಲದ ವೈದ್ಯರು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬೇಕು.